ಕೈ ತಡೆಯುವ ಗಳಿಗೆ

ವಿಡಿಯೊ ಗೇಮ್ ಎಂಬುದು ನಮ್ಮ ಮನೆಗಳಲ್ಲಿ ಇಂದಿಗೂ ಬೈಗುಳಕ್ಕೆ ಹತ್ತಿರದ ಮಾತು. ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೆ, ಹುಡುಗ ಫಜರ್ ನಮಾಜಿಗೆ ಏಳದಿದ್ದರೆ, ಕಣ್ಣಿಗೆ ಕನ್ನಡಕ ಬಂದರೆ ಅಪರಾಧಿಯನ್ನು ಹುಡುಕಬೇಕಾಗಿಯೇ ಇಲ್ಲ. ಈ ದೂರಿನಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಆದರೆ ಇದೇ ದೂರನ್ನು ಹಿಂದೆ ಕಾದಂಬರಿಯ ಮೇಲೂ ಸಿನಿಮಾದ ಮೇಲೂ ಹೊರಿಸಿದ್ದುಂಟು. ದಿಂಬಿನ ಕೆಳಗೆ ಉರ್ದು ಪತ್ತೇದಾರಿ ಕಾದಂಬರಿ ಬಚ್ಚಿಟ್ಟು ಓದಿದ ತಲೆಮಾರಿನವರೇ ಇಂದು ಮಕ್ಕಳ ಕೈಯಿಂದ ಮೊಬೈಲ್ ಕಸಿಯುತ್ತಿದ್ದಾರೆ. ಒಂದು ಮಾಧ್ಯಮದ ಮೇಲೆ ಒಟ್ಟಾರೆ ಫತ್ವಾ ಹೊರಡಿಸುವುದು ಸುಲಭ. ಅದರ ಒಳ್ಳೆಯ ಕೃತಿಗಳು ನಮ್ಮೊಳಗೆ ಏನು ಮಾಡುತ್ತವೆ ಎಂದು ನೋಡುವುದು ವಿಮರ್ಶೆಯ ಕೆಲಸ.

ನಮ್ಮ ಅಕ್ಕನ ಮಗನನ್ನು ಒಮ್ಮೆ ಕೇಳಿದೆವು: ಇಷ್ಟು ವರ್ಷ ಆಡಿದೆಯಲ್ಲ, ಏನು ನೆನಪಿದೆ? ಗೆದ್ದ ಆಟಗಳ ಪಟ್ಟಿ ಕೊಡುತ್ತಾನೆಂದುಕೊಂಡಿದ್ದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ಕುದುರೆ ಬಿದ್ದದ್ದು ನೆನಪಿದೆ" ಎಂದ. ಆ ಉತ್ತರ ನಮ್ಮನ್ನು ಕೆಣಕಿತು. ಅವನ ಪಕ್ಕದಲ್ಲಿ ಹಲವು ರಾತ್ರಿ ಕೂತು ನೋಡಿದೆವು, ಆಡಿದೆವು. ನಮ್ಮದೇ ಹಳೆಯ ನೆನಪುಗಳನ್ನೂ ಕೆದಕಿದೆವು. ಆಟದಲ್ಲಿ ಕೊನೆಗೆ ಉಳಿಯುವುದು ಗೆದ್ದ ಗಳಿಗೆಯಲ್ಲ, ಕೈ ತಡೆದ ಗಳಿಗೆ ಎಂಬುದು ನಮಗೆ ಕಂಡ ಸಂಗತಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕತೆಯಲ್ಲಿ ಕೊಲೆ ಮಾಡುವವನು ಪಾತ್ರಧಾರಿ. ಓದುಗ ಮರುಗಬಹುದು, ಸಿಟ್ಟಾಗಬಹುದು. ಪುಟ ತಿರುಗಿಸುವುದು ಬಿಟ್ಟು ಅವನು ಬೇರೇನೂ ಮಾಡಿರುವುದಿಲ್ಲ. ಕತೆ ಬರೆಯುವ ನಾವು ಓದುಗನನ್ನು ಸಾಕ್ಷಿಯಾಗಿಸಬಲ್ಲೆವು, ಅಷ್ಟೆ. ಆಟದಲ್ಲಿ ಹಾಗಲ್ಲ. ಗುಂಡಿ ಒತ್ತದೆ ಏನೂ ನಡೆಯುವುದಿಲ್ಲ. ನಡೆದದ್ದಕ್ಕೆಲ್ಲ ನಮ್ಮ ಹೆಬ್ಬೆರಳಿನ ಸಹಿ ಇರುತ್ತದೆ. ಕತೆಗಿಲ್ಲದ ಈ ಒಂದು ಶಕ್ತಿ ಆಟಕ್ಕಿದೆ. ಬಹುಪಾಲು ಆಟಗಳು ಅದನ್ನು ಮರೆಸಲು ಯತ್ನಿಸುತ್ತವೆ, ಒಳ್ಳೆಯವು ನೆನಪಿಸುತ್ತವೆ.

ತೊಂಬತ್ತರ ದಶಕದ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ಕೂತವರಿಗೆ 'ಪ್ರಿನ್ಸ್ ಆಫ್ ಪರ್ಶಿಯಾ' ಗೊತ್ತಿದ್ದೀತು. ನಮ್ಮ ಪರಿಚಯವೂ ಅಲ್ಲಿಂದಲೇ. ಅಮೆರಿಕದ ಜೋರ್ಡಾನ್ ಮೆಕ್ನರ್ ಬಹುಪಾಲು ಒಬ್ಬರೇ ರೂಪಿಸಿ 1989ರಲ್ಲಿ ಹೊರತಂದ ಆಟವದು. ದುಷ್ಟ ವಜೀರ, ಸೆರೆಯಲ್ಲಿರುವ ಶಹಜಾದಿ, ನೆಲಮಾಳಿಗೆಯಿಂದ ಮೇಲೇರಬೇಕಾದ ಹುಡುಗ, 60 ನಿಮಿಷಗಳ ಗಡುವು: ಸಾವಿರದೊಂದು ರಾತ್ರಿಗಳಿಂದ ಎರವಲು ತಂದ, ಪಶ್ಚಿಮದವರ ಕಲ್ಪನೆಯ ಪೂರ್ವ. ಮೆಕ್ನರ್ ತಮ್ಮ ಕಿರಿಯ ಸೋದರನನ್ನು ಓಡಿಸಿ, ಹಾರಿಸಿ, ವಿಡಿಯೊದಲ್ಲಿ ಹಿಡಿದು, ಆ ಚಿತ್ರಗಳನ್ನು ಒಂದೊಂದಾಗಿ ತಿದ್ದಿ ರಾಜಕುಮಾರನ ಚಲನೆ ತಯಾರಿಸಿದ್ದರು. ಆದ್ದರಿಂದಲೇ ಅವನು ಮುಳ್ಳಿನ ಗುಂಡಿಗೆ ಬಿದ್ದಾಗ ಬೊಂಬೆ ಬಿದ್ದಂತಲ್ಲ, ಮನುಷ್ಯ ಬಿದ್ದಂತೆ ಕಾಣುತ್ತಿತ್ತು.

ನಾಲ್ಕನೆಯ ಹಂತದಲ್ಲಿ ಒಂದು ಕನ್ನಡಿ ದಾರಿಗೆ ಅಡ್ಡ ಬರುತ್ತದೆ. ಓಡಿ ಹಾರಿ ಅದನ್ನು ದಾಟಿದರೆ ಇನ್ನೊಂದು ಬದಿಯಿಂದ ರಾಜಕುಮಾರನ ನೆರಳು ಹೊರಬಿದ್ದು ಓಡುತ್ತದೆ. ಮುಂದೆ ಅದೇ ನೆರಳು ನಮ್ಮ ಪಾಲಿನ ಮದ್ದನ್ನು ಕುಡಿದುಬಿಡುತ್ತದೆ, ಬಾಗಿಲು ಮುಚ್ಚಿ ನಮ್ಮನ್ನು ಬೀಳಿಸುತ್ತದೆ. 12ನೆಯ ಹಂತದಲ್ಲಿ ಕತ್ತಿ ಹಿಡಿದು ಎದುರು ನಿಲ್ಲುತ್ತದೆ. ಆ ಹೊತ್ತಿಗೆ ನಮ್ಮ ಬೆರಳು ಹೊಡೆಯುವುದರಲ್ಲಿ ಪಳಗಿರುತ್ತದೆ. ಹೊಡೆದರೆ ಗಾಯ ನಮಗೇ. ಕೊಂದರೆ ಸಾಯುವವರೂ ನಾವೇ. ಎಷ್ಟೋ ಸಲ ಸತ್ತ ಮೇಲೆ ಹೊಳೆಯಿತು: ಕತ್ತಿಯನ್ನು ಒರೆಗೆ ಸೇರಿಸಬೇಕು. ಸೇರಿಸಿದರೆ ನೆರಳೂ ಸೇರಿಸುತ್ತದೆ. ಎದುರು ಬದುರು ಹೋಗಿ ಒಂದಾಗಬೇಕು. ಆಮೇಲೆ ಬರಿಯ ಶೂನ್ಯಕ್ಕೆ ಕಾಲಿಟ್ಟರೂ ಕಾಲಡಿಯಲ್ಲಿ ಕಲ್ಲು ಮೂಡುತ್ತದೆ.

ಉರ್ದು ಶಾಲೆಯಲ್ಲಿ ಓದಿದ ನಮಗೆ 'ಹಮ್‌ಜಾದ್' ಎಂಬ ಮಾತು ಗೊತ್ತಿತ್ತು. ಮನುಷ್ಯನ ಜೊತೆಯಲ್ಲೇ ಹುಟ್ಟುವ ಅವನ ನೆರಳು ಜೋಡಿ. ನಫ್ಸ್‌ನ ಜೊತೆಗಿನ ಹೋರಾಟವನ್ನು ಮಸೀದಿಯ ಬಯಾನಿನಲ್ಲೂ ಕೇಳಿದ್ದೆವು. ಕೇಳಿದ್ದು ಬೇರೆ, ಬೆರಳಿಗೆ ತಿಳಿದದ್ದು ಬೇರೆ. ಲಖನೌದ ನವಲ್ ಕಿಶೋರ್ ಪ್ರೆಸ್ 1883ರಿಂದ ಹೊರತಂದ 'ತಿಲಿಸ್ಮೆ ಹೋಶ್‌ರುಬಾ'ದಂಥ ದಾಸ್ತಾನ್‌ಗಳಲ್ಲಿ ಮಾಯಾಲೋಕ ಒಡೆಯುವ ವೀರನಿಗೆ 'ಲೌಹ್' ಎಂಬ ಫಲಕ ದಾರಿ ಹೇಳುತ್ತದೆ. ಇಲ್ಲಿ ಫಲಕವಿಲ್ಲ, ಆಡುವವನು ತಾನೇ ಪೆಟ್ಟು ತಿಂದು ಕಂಡುಕೊಳ್ಳಬೇಕು. ಇದರ ಹಿಂದೆ ದೊಡ್ಡ ತತ್ತ್ವಜ್ಞಾನವೇನೂ ಇರಲಿಲ್ಲ ಎಂಬುದೂ ಸ್ವಾರಸ್ಯಕರ. ಆಪಲ್ ಕಂಪ್ಯೂಟರಿನ ಪುಟ್ಟ ಸ್ಮೃತಿಯಲ್ಲಿ ಇನ್ನೊಂದು ಪಾತ್ರಕ್ಕೆ ಜಾಗ ಉಳಿದಿರಲಿಲ್ಲವಾದ್ದರಿಂದ ಮೆಕ್ನರ್ ರಾಜಕುಮಾರನ ಚಿತ್ರಗಳನ್ನೇ ಬದಲಿಸಿ ವೈರಿಯನ್ನು ಸೃಷ್ಟಿಸಿದ್ದರು. ಬಡತನವೂ ಕೆಲವೊಮ್ಮೆ ಒಳ್ಳೆಯ ಕತೆ ಹೇಳಿಸುತ್ತದೆ.

ಹುಡುಗ ಹೇಳಿದ ಕುದುರೆ ಜಪಾನಿನ ಫುಮಿಟೊ ಉಯೆಡಾ ನಿರ್ದೇಶನದ 'ಶ್ಯಾಡೊ ಆಫ್ ದಿ ಕೊಲಾಸಸ್' ಆಟದ್ದು. 2005ರಲ್ಲಿ ಬಂದದ್ದು. ತೀರಿಹೋದ ಹುಡುಗಿಯೊಬ್ಬಳನ್ನು ಯುವಕನೊಬ್ಬ ಕುದುರೆಯ ಮೇಲೆ ನಿಷಿದ್ಧ ನಾಡಿಗೆ ತರುತ್ತಾನೆ. ಅಲ್ಲಿರುವ 16 ಬೃಹದಾಕಾರಗಳನ್ನು ಕೊಂದರೆ ಅವಳು ಮರಳಿ ಬರಬಹುದೆಂದು ಒಂದು ದನಿ ಹೇಳುತ್ತದೆ. ಬೇರೆ ವೈರಿಗಳಿಲ್ಲ, ಊರಿಲ್ಲ, ಜನರಿಲ್ಲ. ಬಯಲು, ಗಾಳಿ, ಕುದುರೆ, ಅಷ್ಟೆ. ಮೊದಲ ದೈತ್ಯನನ್ನು ಕೆಡವಿದಾಗ ಜಯಭೇರಿ ಕೇಳಬಹುದೆಂದು ಕಾದರೆ ಶೋಕದ ಸಂಗೀತ ಕೇಳುತ್ತದೆ. ಸತ್ತ ದೇಹದಿಂದ ಕಪ್ಪು ಎಳೆಗಳು ಹೊರಟು ಯುವಕನ ಮೈ ಹೊಗುತ್ತವೆ. ಹದಿಮೂರನೆಯದು ಮರಳುಗಾಡಿನ ಮೇಲೆ ತೇಲುವ, ಉದ್ದ ಮೈಯ, ನಮಗೆ ಯಾವ ಹಾನಿಯನ್ನೂ ಮಾಡದ ಜೀವಿ. ಅದರ ಬೆನ್ನೇರಿ ಇರಿಯುತ್ತಿದ್ದಾಗ ನಮ್ಮ ಹುಡುಗ, "ಇದು ನಮಗೇನೂ ಮಾಡಲಿಲ್ಲವಲ್ಲ" ಎಂದ. ಎಂದನೇ ಹೊರತು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಆಟ ಮುಂದೆ ಹೋಗುವುದಿಲ್ಲ. ಪ್ರೀತಿಗಾಗಿ ಮಾಡುತ್ತಿದ್ದೇನೆ ಎಂದು ಹೇಳಿಕೊಂಡು ಮಾಡಿದ ಅನ್ಯಾಯಕ್ಕೆ ಲೆಕ್ಕವಿಲ್ಲ; ಆ ಮಾತು ಇಷ್ಟು ಕಡಿಮೆ ಮಾತಿನಲ್ಲಿ ನಮಗೆ ಬೇರೆಲ್ಲೂ ಸಿಕ್ಕಿಲ್ಲ.

ಕುದುರೆಯ ಮಾತು ಇನ್ನೂ ಸೂಕ್ಷ್ಮ. ಅದು ಗುಂಡಿ ಒತ್ತಿದೊಡನೆ ಯಂತ್ರದಂತೆ ತಿರುಗುವುದಿಲ್ಲ. ತಡೆದು, ತಲೆ ಕೊಡವಿ, ತನ್ನ ಇಷ್ಟದಂತೆ ತಿರುಗುತ್ತದೆ. ಗಂಟೆಗಟ್ಟಲೆ ಅದರೊಡನೆ ಜಗಳವಾಡಿರುತ್ತೇವೆ. ಕೊನೆಯ ದೈತ್ಯನ ದಾರಿಯಲ್ಲಿ ಸೇತುವೆ ಕುಸಿಯುವಾಗ ಅದು ಸವಾರನನ್ನು ಆಚೆ ದಡಕ್ಕೆ ಎಸೆದು ತಾನು ಕಮರಿಗೆ ಬೀಳುತ್ತದೆ. ಅಷ್ಟು ದಿನ ವಿಧೇಯವಾಗಿದ್ದರೆ ಅದು ನಮಗೆ ವಾಹನವಾಗಿಯಷ್ಟೇ ಉಳಿಯುತ್ತಿತ್ತು. ಮಾತು ಕೇಳದೆ ಕಾಡಿದ್ದರಿಂದಲೇ ಅದು ಸಂಗಾತಿಯಾಗಿತ್ತು.

ನಮ್ಮನ್ನು ಹೆಚ್ಚು ಕಲಕಿದ್ದು ಮಾತ್ರ ಬಣ್ಣವೂ ಸರಿಯಾಗಿಲ್ಲದ ಒಂದು ಸಣ್ಣ ಆಟ. ಲುಕಾಸ್ ಪೋಪ್ ಎಂಬವರು 2013ರಲ್ಲಿ ಹೊರತಂದ 'ಪೇಪರ್ಸ್, ಪ್ಲೀಸ್'. ಅರ್ಸ್ಟೋಟ್ಜ್ಕಾ ಎಂಬ ಕಾಲ್ಪನಿಕ ದೇಶ, ವರ್ಷ 1982. ಗಡಿಯ ಗೂಡಿನಲ್ಲಿ ಕೂತ ಗುಮಾಸ್ತ ನಾವು. ಸಾಲಿನಲ್ಲಿ ಬಂದವರ ಪಾಸ್‌ಪೋರ್ಟು, ಪರವಾನಗಿ ನೋಡಿ ಮುದ್ರೆ ಒತ್ತುವುದು ಕೆಲಸ. ಎಷ್ಟು ಜನರನ್ನು ಪರೀಕ್ಷಿಸಿದೆವೋ ಅಷ್ಟು ಸಂಬಳ. ಮನೆಯಲ್ಲಿ ಹೆಂಡತಿ, ಮಗ, ಅತ್ತೆ, ಮಾವ. ಅನ್ನ, ಬಿಸಿ, ಔಷಧಿಗೆ ದುಡ್ಡು ಬೇಕು. ದಿನಕ್ಕೆ ಎರಡು ತಪ್ಪಿಗೆ ಎಚ್ಚರಿಕೆ, ಮೂರನೆಯದಕ್ಕೆ ದಂಡ.

ಒಂದು ದಿನ ಒಬ್ಬ ಗಂಡಸು ಬರುತ್ತಾನೆ. ಕಾಗದ ಸರಿಯಾಗಿದೆ. ಹಿಂದೆ ನನ್ನ ಹೆಂಡತಿ ಬರುತ್ತಿದ್ದಾಳೆ, ದಯವಿಡಿ ಎನ್ನುತ್ತಾನೆ. ಅವಳ ಬಳಿ ಪ್ರವೇಶ ಪರವಾನಗಿ ಇಲ್ಲ. ವಾಪಸು ಕಳಿಸಿದರೆ ಕೊಲ್ಲುತ್ತಾರೆ ಎನ್ನುತ್ತಾಳೆ. ಆಟ ಇಲ್ಲಿ ಉಪದೇಶ ಮಾಡುವುದಿಲ್ಲ. ಎರಡು ಮುದ್ರೆಗಳು ಮೇಜಿನ ಮೇಲಿವೆ, ಗಡಿಯಾರ ಓಡುತ್ತಿದೆ. ಇವತ್ತಿನ ಎರಡು ಎಚ್ಚರಿಕೆಗಳಲ್ಲಿ ಒಂದಾದರೂ ಉಳಿದಿದೆಯೇ, ಅದನ್ನು ಇವಳಿಗೆ ಖರ್ಚು ಮಾಡಬಹುದೇ? ದಯೆ ಎಂಬುದು ಹೀಗೆ ಲೆಕ್ಕದ ಬಾಬ್ತಾಗಿ ಎದುರು ನಿಲ್ಲುತ್ತದೆ. ಬೆಳಗ್ಗಿನಿಂದ ಶ್ರದ್ಧೆಯಿಂದ ದುಡಿದವನಿಗೆ ಮಾತ್ರ ದಯೆ ತೋರಲು ಅವಕಾಶ ಉಳಿದಿರುತ್ತದೆ ಎಂಬುದು ಈ ಆಟದ ಕಟು ವ್ಯಂಗ್ಯ.

ಆದರೆ ನಮ್ಮನ್ನು ನಾಚಿಸಿದ್ದು ಆ ಹೆಂಗಸಲ್ಲ. ಅದಕ್ಕೂ ಮೊದಲು ಒಬ್ಬನ ಪಾಸ್‌ಪೋರ್ಟಿನಲ್ಲಿದ್ದ ಊರಿನ ಹೆಸರು ನಿಯಮ ಪುಸ್ತಕದ ಪಟ್ಟಿಯಲ್ಲಿರಲಿಲ್ಲ. ನಾವು ಕಂಡುಹಿಡಿದು ಕೆಂಪು ಮುದ್ರೆ ಒತ್ತಿದೆವು. ಒತ್ತಿದಾಗ ಖುಷಿಯಾಯಿತು. ಆ ಖುಷಿ ಗಮನಕ್ಕೆ ಬಂದದ್ದು ಆಮೇಲೆ. 2019ರ ಆಗಸ್ಟ್ 31ರಂದು ಅಸ್ಸಾಮಿನ ಪೌರತ್ವ ನೋಂದಣಿ ಪಟ್ಟಿಯಿಂದ 19 ಲಕ್ಷಕ್ಕೂ ಮೀರಿದ ಜನರ ಹೆಸರು ಹೊರಗುಳಿಯಿತು. ಆ ವರ್ಷದ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಬಂದಾಗ ಕರ್ನಾಟಕದ ನಮ್ಮ ಮನೆಗಳಲ್ಲೂ ಟ್ರಂಕುಗಳು ತೆರೆದುಕೊಂಡವು. ಉರ್ದು ಶಾಲೆಯ ದಾಖಲೆಯಲ್ಲಿ ಒಂದು ಕಾಗುಣಿತ, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಅಬ್ಬಾಜಾನರ ಹೆಸರು ಮೂರು ಕಾಗದದಲ್ಲಿ ಮೂರು ಥರ. ಒಂದಕ್ಷರದ ಭಯ ಏನೆಂದು ನಮಗೆ ಗೊತ್ತಿತ್ತು. ಗೊತ್ತಿದ್ದೂ ಗೂಡಿನೊಳಗೆ ಕೂತ ಅರ್ಧ ಗಂಟೆಯಲ್ಲಿ ನಾವು ಅದನ್ನು ಮರೆತಿದ್ದೆವು. ಸಾಲಿನಲ್ಲಿ ನಿಂತವರ ಸಂಕಟವನ್ನು ನಾವು ಕತೆಗಳಲ್ಲಿ ಬರೆದಿದ್ದೇವೆ, ಮೆಚ್ಚುಗೆಯನ್ನೂ ಪಡೆದಿದ್ದೇವೆ. ಕಿಟಕಿಯ ಒಳಗೆ ಕೂತವನು ನಾವೂ ಆಗಬಲ್ಲೆವು ಎಂದು ಬರೆದಿರಲಿಲ್ಲ. ಅದನ್ನು ಒಂದು ಆಟ ತೋರಿಸಿಕೊಟ್ಟಿತು ಎಂದು ಒಪ್ಪಿಕೊಳ್ಳುವುದರಲ್ಲಿ ಸಂಕೋಚವೇಕೆ?

ಪೋಲೆಂಡಿನ ವಾರ್ಸಾದ ತಂಡವೊಂದು 2014ರಲ್ಲಿ ತಂದ 'ದಿಸ್ ವಾರ್ ಆಫ್ ಮೈನ್' ಇದೇ ಜಾತಿಯದು. 1992ರಿಂದ 1996ರವರೆಗೆ ಮುತ್ತಿಗೆಯಲ್ಲಿ ನಲುಗಿದ ಬೋಸ್ನಿಯಾದ ಸರಾಯೆವೊ ಇದರ ಹಿನ್ನೆಲೆಗೆ ಪ್ರೇರಣೆ. ಇಲ್ಲಿ ನಾವು ಸೈನಿಕರಲ್ಲ. ಒಡೆದ ಮನೆಯಲ್ಲಿ ಅಡಗಿದ ಸಾಮಾನ್ಯರು. ರಾತ್ರಿ ಒಬ್ಬರು ಹೊರಗೆ ಹೋಗಿ ಆಹಾರ, ಔಷಧಿ ತರಬೇಕು. ಒಂದು ಮನೆಯಲ್ಲಿ ವೃದ್ಧ ದಂಪತಿಗಳಿದ್ದಾರೆ. ಅವರು ಎದುರಿಸುವುದಿಲ್ಲ, ಬೇಡಿಕೊಳ್ಳುತ್ತಾರೆ. ಕದ್ದು ತಂದರೆ ನಮ್ಮವರ ಹೊಟ್ಟೆ ತುಂಬುತ್ತದೆ, ಆದರೆ ಕದ್ದವರ ಮನಸ್ಸು ಕುಸಿಯುತ್ತದೆ. 2020ರಲ್ಲಿ ಪೋಲೆಂಡ್ ಸರಕಾರ ಈ ಆಟವನ್ನು ಶಾಲಾ ವಿದ್ಯಾರ್ಥಿಗಳ ಶಿಫಾರಸು ಪಟ್ಟಿಗೆ ಸೇರಿಸುವುದಾಗಿ ಪ್ರಕಟಿಸಿತು. ಆಟವನ್ನು ಪಠ್ಯವಾಗಿ ಕಂಡ ಆ ನಡೆ ನಮ್ಮ ಶಿಕ್ಷಣ ತಜ್ಞರೂ ಗಮನಿಸತಕ್ಕದ್ದು.

ಕೈ ತಡೆಯುವುದೆಂದರೆ ಯಾವಾಗಲೂ ಪಾಪಭಯವೇ ಆಗಬೇಕಿಲ್ಲ. 2012ರ 'ಜರ್ನಿ'ಯಲ್ಲಿ ನಿಲುವಂಗಿ ತೊಟ್ಟ ಯಾತ್ರಿಕ ಮರಳುಗಾಡಿನಾಚೆಯ ಬೆಟ್ಟದ ಬೆಳಕಿನತ್ತ ನಡೆಯುತ್ತಾನೆ. ದಾರಿಯಲ್ಲಿ ಇನ್ನೊಬ್ಬ ಯಾತ್ರಿಕ ಸಿಗಬಹುದು. ಜಗತ್ತಿನ ಯಾವುದೋ ಮೂಲೆಯಲ್ಲಿ ಆಡುತ್ತಿರುವ ನಿಜವಾದ ಮನುಷ್ಯ. ಹೆಸರು ಕಾಣದು, ಮಾತಾಡುವಂತಿಲ್ಲ. ಒಂದು ಸಣ್ಣ ನಾದ ಹೊರಡಿಸಬಹುದಷ್ಟೆ. ಹತ್ತಿರ ಬಂದು ತಾಗಿದರೆ ಇಬ್ಬರಿಗೂ ಹಾರುವ ಚೈತನ್ಯ ತುಂಬುತ್ತದೆ. ಮುಂದೆ ಹಿಮಗಾಳಿ ಬೀಸುತ್ತದೆ. ಒಬ್ಬರು ಮುಂದೆ ಓಡಿಹೋಗಬಹುದು, ತಡೆಯುವವರಿಲ್ಲ. ಆದರೂ ನಮ್ಮ ಜೊತೆಗಿದ್ದವರು ನಿಂತರು, ಕಾದರು. ಯಾವ ದೇಶ, ಯಾವ ಧರ್ಮ, ಹೆಣ್ಣೋ ಗಂಡೋ ತಿಳಿಯದು. ಉರ್ದುವಿನಲ್ಲಿ ಅವರಿಗೆ 'ಹಮ್‌ಸಫರ್' ಎಂಬ ಮಾತಿದೆ. ಹೆಸರು ಕೇಳಿ ಧರ್ಮ ಊಹಿಸುವ ಈ ಕಾಲದಲ್ಲಿ ಹೆಸರಿಲ್ಲದ ಒಡನಾಟದ ಆ ಒಂದು ಗಂಟೆ ನಮಗೆ ಸಣ್ಣದಾಗಿ ಕಾಣಲಿಲ್ಲ.

ಇಷ್ಟು ಹೇಳಿ ಸುಮ್ಮನಾದರೆ ಅರ್ಧ ಸತ್ಯವಾದೀತು. ಹೆಚ್ಚು ಮಾರಾಟವಾಗುವ ಯುದ್ಧದ ಆಟಗಳಲ್ಲಿ ಕೈ ತಡೆಯುವ ಗಳಿಗೆಯೇ ಇಲ್ಲ. ಗೋಡೆಯ ಮೇಲೆ ಅರಬ್ಬಿ ಅಕ್ಷರ, ಧೂಳಿನ ಓಣಿ, ಕಿಟಕಿಯಲ್ಲೊಂದು ತಲೆ; ಬೆರಳು ತಾನಾಗಿ ಒತ್ತುತ್ತದೆ. ಆ ತಲೆ ನಮ್ಮ ಮಾಮೂಜಾನರಂತಿದೆ ಎಂದು ನಮ್ಮ ಹುಡುಗರಿಗೂ ಅನ್ನಿಸುವುದಿಲ್ಲ. 1991ರ ಫೆಬ್ರವರಿಯಲ್ಲಿ ಕುವೈತಿನಿಂದ ಇರಾಕಿನ ಬಸ್ರಾ ಕಡೆಗೆ ಹಿಮ್ಮೆಟ್ಟುತ್ತಿದ್ದ ವಾಹನಗಳ ಸಾಲಿನ ಮೇಲೆ ಅಮೆರಿಕದ ನೇತೃತ್ವದ ಪಡೆಗಳು ಬಾಂಬು ಸುರಿದವು. ಆ ದಾರಿಗೆ 'ಹೈವೇ ಆಫ್ ಡೆತ್' ಎಂದೇ ಹೆಸರಾಯಿತು. 2019ರ 'ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್' ಆಟದಲ್ಲಿ ಅದೇ ಹೆಸರಿನ ದಾರಿ ಒಂದು ಕಲ್ಪಿತ ದೇಶದಲ್ಲಿದೆ, ಬಾಂಬು ಹಾಕಿದವರು ರಷ್ಯನ್ನರು! ಪುಸ್ತಕದಲ್ಲಿ ಹೀಗೆ ಬರೆದರೆ ಯಾರಾದರೂ ಪ್ರಶ್ನಿಸಿಯಾರು. ಇಲ್ಲಿ ಹದಿನೈದರ ಹುಡುಗ ಆ ದಾರಿಯಲ್ಲಿ ತಾನೇ ಬಂದೂಕು ಹಿಡಿದು ಕೂತಿರುತ್ತಾನೆ, ಸುಳ್ಳು ಅವನ ಸ್ವಂತ ಅನುಭವವಾಗಿಬಿಡುತ್ತದೆ. ಹೆಬ್ಬೆರಳಿನ ಸಹಿಗೆ ಇರುವ ಶಕ್ತಿ ಎರಡೂ ಕಡೆ ಕೆಲಸ ಮಾಡುತ್ತದೆ.

ಆಟದ ಹೆಸರಿನಲ್ಲಿ ನಡೆಯುವ ಜೂಜಿನ ವಿಷಯ ಬೇರೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿದೆ. ಮನೆ ಮುಳುಗಿಸುವ ಆ ದಂಧೆಯನ್ನೂ ಮೇಲೆ ಹೇಳಿದ ಕೃತಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು, ಇಸ್ಪೀಟು ರಟ್ಟಿನಿಂದ ಆಗುತ್ತದೆಂದು ಪುಸ್ತಕದ ರಟ್ಟಿಗೂ ಸಂಶಯ ಪಟ್ಟಂತೆ.

ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೆ. ಮೊಬೈಲ್ ಕಸಿಯುವ ಮೊದಲು ಒಮ್ಮೆ ಪಕ್ಕದಲ್ಲಿ ಕೂತು, ಏನು ಆಡುತ್ತಿದ್ದೀಯ, ಯಾರನ್ನು ಹೊಡೆಯುತ್ತಿದ್ದೀಯ, ಏಕೆ ಎಂದು ಕೇಳಿ. ಮೊನ್ನೆ ನಮ್ಮ ಹುಡುಗ ಆ ಗಡಿಯ ಗೂಡಿನಲ್ಲಿ ಕೂತಿದ್ದ. ಪರವಾನಗಿ ಇಲ್ಲದ ಹೆಂಗಸು ಬಂದಳು. "ಮಾಮೂ, ಏನು ಮಾಡಲಿ?" ಎಂದ. ನಾವು ಉತ್ತರ ಕೊಡಲಿಲ್ಲ. ಗಡಿಯಾರ ಓಡುತ್ತಿತ್ತು, ಅವನ ಆ ದಿನದ ಸಂಬಳ ಕರಗುತ್ತಿತ್ತು. ಅವನು ತುಂಬ ಹೊತ್ತು ಅವಳ ಮುಖ ನೋಡುತ್ತ ಕೂತ. ಆಮೇಲೆ ಹಸಿರು ಮುದ್ರೆ ಒತ್ತಿದ.