ಮೂವರ ಮಾತು ಒಂದಾದರೆ

ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಶಾಮಶಾಸ್ತ್ರಿಗಳ ಕೈಸೇರಿ 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಓದುವವರು ಅದರ ಕುಟಿಲೋಪಾಯಗಳನ್ನು ಕುರಿತು ಚರ್ಚಿಸುವಷ್ಟು, ನಂಬಬಹುದೋ ಬಾರದೋ ಎಂದು ತಿಳಿಯದ ಜನರಿಂದ ಬಂದ ವಾರ್ತೆಗಳನ್ನು ಕೂಡಿಸಿ ಅರಸನು ನಿಶ್ಚಯಕ್ಕೆ ಬರಬೇಕಾದ ಬಗೆಯನ್ನು ಅದು ವಿಚಾರಿಸಿರುವ ಸೂಕ್ಷ್ಮತೆಯನ್ನು ಗಮನಿಸುವುದಿಲ್ಲ. ಮೂವರು ಗೂಢಚಾರರ ಮಾತು ಒಂದೇ ಆದಾಗ ಅದನ್ನು ನಂಬಬಹುದೆಂಬುದು ಮೊದಲನೆಯ ಅಧಿಕರಣದ ವಿಧಿ. ಆ ವಿಧಿಗೆ ಬಲವನ್ನು ಕೊಡುವುದು ಅದರ ಬೆನ್ನಿಗಿರುವ ಕಟ್ಟಳೆ: ಚಾರರು ಒಬ್ಬರನ್ನೊಬ್ಬರು ಅರಿತಿರಕೂಡದು. ಪರಸ್ಪರ ಪರಿಚಯವಿಲ್ಲದವರು ಸಂಚುಹೂಡಿ ಒಂದೇ ಸುಳ್ಳನ್ನು ಹೇಳಲಾರರೆಂಬ ಈ ತಿಳಿವು ನಿಜವಾಗಿಯೂ ಮೆಚ್ಚತಕ್ಕದ್ದು.

ಆದರೆ ಚಾರರು ಬೇರೆಬೇರೆಯಾದ ಮಾತ್ರಕ್ಕೆ ವಾರ್ತೆಯ ಮೂಲವೂ ಬೇರೆಬೇರೆಯಾದೀತೆ? ಜನರೆದುರಿಗೆ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಹಿಡಿ ಸೊಪ್ಪನ್ನು ತಿಂದು ಮರೆಯಲ್ಲಿ ಇಷ್ಟಭೋಜನವನ್ನು ಉಣ್ಣುವ ಕಪಟತಾಪಸನೂ, ವರ್ತಕವೇಷದ ವೈದೇಹಕನೂ, ಮನೆಮನೆ ಹೊಗುವ ಭಿಕ್ಷುಕಿಯೂ ಒಂದೇ ಸಂತೆಯ ಗಾಳಿಮಾತನ್ನು ಕೇಳಿ ಬಂದಿದ್ದರೆ, ಅರಸನಿಗೆ ದೊರೆತದ್ದು ಮೂರು ಸಲ ಕೇಳಿದ ಒಂದೇ ಸಾಕ್ಷ್ಯ. ತೀರ್ಥಗಳಲ್ಲಿಯೂ ಸಭೆಗಳಲ್ಲಿಯೂ ಚಾರರೇ ವಾದವನ್ನು ಹೂಡಿ ಜನರ ನಡುವೆ ಮಾತು ಹಬ್ಬಿಸಬೇಕೆಂದು ಮುಂದಿನ ಅಧ್ಯಾಯದಲ್ಲಿಯೇ ಬೋಧಿಸುವ ಕೌಟಿಲ್ಯನು, ಶತ್ರುವೂ ಹಾಗೆಯೇ ಮಾಡಿಯಾನೆಂಬ ಶಂಕೆಯನ್ನು ಇಲ್ಲಿ ಎತ್ತದಿರುವುದು ನನಗೆ ದೊಡ್ಡ ಕೊರತೆಯಾಗಿ ತೋರುತ್ತದೆ. ಇದಕ್ಕಿಂತ ಕೆಟ್ಟದ್ದು, ಪದೇ ಪದೇ ತಪ್ಪು ವರದಿ ತರುವ ಚಾರನಿಗೆ ಗುಟ್ಟಾಗಿ ದಂಡನೆ ವಿಧಿಸುವ ಕ್ರಮ. ದಂಡನೆಯ ಭಯವುಳ್ಳವನು ತಾನೊಬ್ಬನೇ ಕಂಡ ವಿಷಯವನ್ನು ನುಂಗಿಕೊಂಡು ಆಸ್ಥಾನಕ್ಕೆ ರುಚಿಸುವುದನ್ನು ಹೇಳಿಯಾನು. ಮೂವರೂ ಹಾಗೆ ಮಾಡಿದರೆ ಏಕವಾಕ್ಯತೆಯು ತಾನಾಗಿ ಸಿದ್ಧಿಸುತ್ತದೆ, ಸತ್ಯವು ಹೊರಗೇ ಉಳಿಯುತ್ತದೆ.

ಚಾರರನ್ನು ಬಿಟ್ಟು ನ್ಯಾಯಸ್ಥಾನದ ಕಡೆ ನೋಡಿದರೆ, ಮೂರನೆಯ ಅಧಿಕರಣದಲ್ಲಿ ವ್ಯವಹಾರದ ಸಾಕ್ಷಿಗಳು ಭಿನ್ನವಾಗಿ ನುಡಿದಾಗ ಬಹುಜನರ ಮಾತನ್ನಾಗಲಿ, ಶುಚಿಗಳಾದವರ ಮಾತನ್ನಾಗಲಿ, ಉಭಯಸಮ್ಮತರ ಮಾತನ್ನಾಗಲಿ ಹಿಡಿಯಬೇಕು, ಇಲ್ಲವೇ ನಡುವಣದನ್ನು ಗ್ರಹಿಸಬೇಕು ಎಂದಿದೆ. ನಡುವಣದು ಸಾಲದ ಮೊತ್ತಕ್ಕೆ ಸಲ್ಲಬಹುದು. ಶತ್ರುಸೈನ್ಯವು ಯಾವ ಕಣಿವೆಯಲ್ಲಿ ಇಳಿದೀತೆಂಬ ಪ್ರಶ್ನೆಗೆ ಸಲ್ಲದು. ಆದರೂ ನುಡಿದವನ ಶೀಲಕ್ಕೆ ಇಲ್ಲಿ ತೂಕ ದೊರೆತಿದೆ.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹಿಡಿಸುವುದು ಮಂತ್ರಾಲೋಚನೆಯ ಪ್ರಕರಣ. ಮೂವರೋ ನಾಲ್ವರೋ ಮಂತ್ರಿಗಳನ್ನು ಒಬ್ಬೊಬ್ಬರನ್ನಾಗಿಯೂ ಒಟ್ಟಾಗಿಯೂ ಕೇಳಿ, ಅವರ ಅಭಿಪ್ರಾಯಭೇದವನ್ನು ಕಾರಣಸಹಿತವಾಗಿ ತಿಳಿಯಬೇಕೆಂದು ಅಲ್ಲಿ ವಿಧಿಸಿದೆ. ಮಂತ್ರಿಯನ್ನು ಕೇಳುವ ಈ ಕಾರಣವನ್ನು ಚಾರನನ್ನೂ ಕೇಳುವಂತೆ, ಅಂದರೆ ಕಣ್ಣಾರೆ ಕಂಡೆಯೋ, ಯಾರ ಬಾಯಿಂದ ಕೇಳಿದೆಯೋ ಎಂದು ವಿಚಾರಿಸುವಂತೆ ಕೌಟಿಲ್ಯನು ವಿಧಿಸಿದ್ದರೆ, ಸಂತೆಯ ಆ ಒಂದು ಗಾಳಿಮಾತು ಮೂರಾಗಿ ಎಣಿಕೆಗೆ ಬರುತ್ತಿರಲಿಲ್ಲ.