ಯಾವ ವರ್ಷದ ನೀರು? ಮೆಟ್ಟೂರಿನ ಫಿಲ್ಮ್ ಛಾಯಾಚಿತ್ರಗಳಲ್ಲಿ ‘ಮೂಡ್’ ಮತ್ತು ಕಾಲ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ. ಪರದೆಯ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಕೊಟ್ಟಿಲ್ಲ. ಅಗತ್ಯವಿದ್ದ ಕಡೆ ವಿವರಿಸಲಾಗಿದೆ.)

ಧ್ವನಿ ಕೇಳಿಸ್ತಿದೆ ಅಂದ್ಕೊಳ್ತೇನೆ. ನನಗೆ ಕೊಟ್ಟಿರುವ ವಿಷಯ ‘ಗಡಿನಾಡಿನ ದೃಶ್ಯ ಸಂಸ್ಕೃತಿ’. ಅದು ದೊಡ್ಡ ವಿಷಯ. ನಾನು ಅದರಲ್ಲಿ ಒಂದು ಸಣ್ಣ ಮೂಲೆಯನ್ನು ಮಾತ್ರ ಹಿಡಿದುಕೊಂಡಿದ್ದೇನೆ. ಮೆಟ್ಟೂರು ಜಲಾಶಯದ ಸುತ್ತ, ಅಂದರೆ ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳ ನಡುವೆ ಹರಡಿರುವ ಆ ನೀರಿನ ಸುತ್ತ, ಹವ್ಯಾಸಿಗಳು ಫಿಲ್ಮ್ ಕ್ಯಾಮೆರಾದಲ್ಲಿ ತೆಗೆದು ತಮ್ಮತಮ್ಮಲ್ಲಿ ಹಂಚಿಕೊಳ್ಳುವ ಚಿತ್ರಗಳು ನನ್ನ ವಿಷಯ. ನಾನೂ ಆ ಹವ್ಯಾಸಿಗಳಲ್ಲಿ ಒಬ್ಬ. ಆದ್ದರಿಂದ ಇಲ್ಲಿ ಮಾಡುವ ಟೀಕೆಯಲ್ಲಿ ಅರ್ಧ ನನ್ನ ಮೇಲೇ ಬೀಳುತ್ತದೆ.

ನಾನು ನೋಡಿದ ಚಿತ್ರಗಳನ್ನು ಮೂರು ಗುಂಪು ಮಾಡಬಹುದು. ಒಂದು, ಬೆಳಗಿನ ಮಂಜಿನಲ್ಲಿ ಕರಗಿಹೋದ ನೀರು ಮತ್ತು ಬೆಟ್ಟ. ಎರಡು, ನೀರು ಇಳಿದಾಗ ಮೇಲೆ ಬರುವ ಪಣ್ಣವಾಡಿಯ ಜಲಕಂಠೇಶ್ವರ ದೇವಸ್ಥಾನದ ನಂದಿ ಮತ್ತು ಹಳೇ ಚರ್ಚಿನ ಗೋಪುರ. ಮೂರು, ದಿನನಿತ್ಯದ ದೃಶ್ಯಗಳು: ದೋಣಿ, ಹರಿಗೋಲು, ಅಣೆಕಟ್ಟಿನ ಹತ್ತಿರದ ಮೀನು ಹುರಿಯುವ ಅಂಗಡಿ, ಚಹಾ ಅಂಗಡಿಯ ಬೆಂಚು. ಮೂರಕ್ಕೂ ಸಿಗುವ ಮೆಚ್ಚುಗೆಯ ಮಾತು ಒಂದೇ: ‘ಒಳ್ಳೇ ಮೂಡ್ ಇದೆ’. ಈ ‘ಮೂಡ್’ ಎಲ್ಲಿಂದ ಬರುತ್ತದೆ, ಅದು ಏನನ್ನು ಕಾಣಿಸುತ್ತದೆ, ಏನನ್ನು ಮರೆಸುತ್ತದೆ ಅನ್ನೋದೇ ಇವತ್ತಿನ ಪ್ರಶ್ನೆ.

1. ಮಂಜು ಎಲ್ಲಿದೆ?

ಪರದೆಯ ಮೇಲೆ ಎರಡು ಚಿತ್ರಗಳಿವೆ. ಒಂದೇ ಬೆಳಗ್ಗೆ, ಒಂದೇ ಜಾಗದಲ್ಲಿ ನಿಂತು, ಒಂದೇ ಕಪ್ಪು-ಬಿಳುಪು ರೋಲಿನಲ್ಲಿ ತೆಗೆದದ್ದು. ಎಡಗಡೆಯದರಲ್ಲಿ ಆಚೆ ದಡದ ಬೆಟ್ಟ ಕಾಣೋದೇ ಇಲ್ಲ, ಬಿಳಿ ಪರದೆ ಎಳೆದ ಹಾಗಿದೆ. ಬಲಗಡೆಯದರಲ್ಲಿ ಬೆಟ್ಟದ ಮಡಿಕೆಗಳೆಲ್ಲ ಕಾಣುತ್ತವೆ. ವ್ಯತ್ಯಾಸ ಇಷ್ಟೇ: ಬಲಗಡೆಯದಕ್ಕೆ ಕೆಂಪು ಫಿಲ್ಟರ್ ಹಾಕಿದ್ದೆ. ದೂರದ ಮಬ್ಬು ಹೆಚ್ಚಾಗಿ ನೀಲಿ ಬೆಳಕಿನ ಚದುರುವಿಕೆ. ಕೆಂಪು ಫಿಲ್ಟರ್ ಆ ನೀಲಿಯನ್ನು ತಡೆಯುತ್ತದೆ, ಮಬ್ಬು ಕಡಿಮೆಯಾಗುತ್ತದೆ. ಫಿಲ್ಟರ್ ಇಲ್ಲದಿದ್ದರೆ ಮಬ್ಬೇ ಚಿತ್ರ. ಅಂದರೆ ‘ಮೂಡ್’ ಅನ್ನೋದು ಸ್ಥಳದ ಗುಣ ಮಾತ್ರ ಅಲ್ಲ, ತೆಗೆಯುವವರ ತೀರ್ಮಾನವೂ ಹೌದು.

ಇನ್ನೊಂದು ಉದಾಹರಣೆ. ನೀರು ಹಾಲಿನ ಹಾಗೆ ನಯವಾಗಿ ಕಾಣುವ ಚಿತ್ರಗಳಿವೆಯಲ್ಲ, ಅವಕ್ಕೆ ದೀರ್ಘ ಎಕ್ಸ್‌ಪೋಷರ್ ಬೇಕು. ಫಿಲ್ಮಿನಲ್ಲಿ ಇದು ಇನ್ನೂ ದೀರ್ಘ. ಎಚ್‌ಪಿ5 ರೀತಿಯ ಫಿಲ್ಮಿಗೆ ಮೀಟರ್ 10 ಸೆಕೆಂಡು ಅಂದರೆ ನಾವು ಸುಮಾರು 20 ಸೆಕೆಂಡು ಕೊಡಬೇಕು, ಯಾಕೆಂದರೆ ಬೆಳಕು ಮಂದವಾದಷ್ಟೂ ಫಿಲ್ಮಿನ ಸ್ಪಂದನೆ ಇಳಿಯುತ್ತದೆ. ಆ 20 ಸೆಕೆಂಡಿನಲ್ಲಿ ಏನಾಗುತ್ತದೆ? ಪಣ್ಣವಾಡಿಯಿಂದ ಆಚೆ ದಡದ ನಾಗಮರೈಗೆ ಹೋಗುವ ದೋಣಿ ಚೌಕಟ್ಟನ್ನು ದಾಟಿ ಹೋದರೂ ನೆಗೆಟಿವ್ ಮೇಲೆ ಅದರ ಗುರುತು ಹೆಚ್ಚುಕಡಿಮೆ ಉಳಿಯೋದಿಲ್ಲ. ‘ನಿರ್ಜನ ಜಲಾಶಯ’ ಎಂಬ ಶೀರ್ಷಿಕೆಯ ಚಿತ್ರ ಸಿಗುತ್ತದೆ. ನಿರ್ಜನ ಅಲ್ಲ ಅದು. ಜನ ಹೋದರು, ನಾವು ಅವರಿಗೆ ಉಳಿಯುವಷ್ಟು ಚುರುಕಾದ ಶಟರ್ ಕೊಡಲಿಲ್ಲ.

ನನ್ನದೇ ಒಂದು ತಪ್ಪೊಪ್ಪಿಗೆ. ನನ್ನ ಚಿತ್ರಗಳಲ್ಲಿ ಗೆಳೆಯರು ಅತಿ ಹೆಚ್ಚು ಮೆಚ್ಚಿದ್ದು ಅವಧಿ ಮೀರಿದ ರೋಲಿನಿಂದ ಬಂದವು. ಬೇಸಿಗೆಯಲ್ಲಿ ಬೀರುವಿನಲ್ಲೇ ಬಿದ್ದಿದ್ದ ರೋಲು. ಡೆವಲಪರ್ 20 ಡಿಗ್ರಿಯಲ್ಲಿರಬೇಕು ಅಂತ ಪುಸ್ತಕ ಹೇಳುತ್ತೆ; ಏಪ್ರಿಲಿನ ಮೆಟ್ಟೂರಿನಲ್ಲಿ ನಲ್ಲಿ ನೀರೇ ಮೈ ಬಿಸಿಯಷ್ಟಿರುತ್ತೆ. ಐಸ್ ಹಾಕಿದೆ, ಸಾಲಲಿಲ್ಲ. ಫಿಲ್ಮಿನ ತುಂಬ ಬೂದು ಮುಸುಕು ಕೂತಿತು. ಅದನ್ನು ನೋಡಿ ‘ಕಾವೇರಿಯ ಮಂಜು ಎಷ್ಟು ಚೆನ್ನಾಗಿ ಹಿಡಿದಿದ್ದೀರಿ’ ಅಂದರು. ಅವತ್ತು ಮಂಜೇ ಇರಲಿಲ್ಲ ಸ್ವಾಮಿ! ನಾನೂ ಸುಮ್ಮನೆ ‘ಥ್ಯಾಂಕ್ಸ್’ ಅಂದೆ. ಈ ಪ್ರಬಂಧ ಒಂದು ಅರ್ಥದಲ್ಲಿ ಆ ‘ಥ್ಯಾಂಕ್ಸ್’ನ ಪ್ರಾಯಶ್ಚಿತ್ತ.

2. ಎರಡು ಪರಂಪರೆಗಳು

ಈ ರುಚಿ ನಮ್ಮಲ್ಲಿ ಹೊಸದಲ್ಲ. ಬೆಂಗಳೂರಿನ ಹವ್ಯಾಸಿ ವಲಯಗಳು, 1971ರಲ್ಲಿ ಶುರುವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯೂ ಸೇರಿ, ಸಲೂನ್ ಸ್ಪರ್ಧೆಗಳ ಮೂಲಕ ಒಂದು ಶಿಸ್ತನ್ನು ಬೆಳೆಸಿದವು. ಚೌಕಟ್ಟು, ಬೆಳಕು, ಪ್ರಿಂಟಿನ ಗುಣಮಟ್ಟ, ಇದರಲ್ಲೆಲ್ಲ ಅವರು ಕಲಿಸಿದ್ದು ಸಣ್ಣದಲ್ಲ. ಆದರೆ ಸಲೂನ್ ಚಿತ್ರದ ಮಾದರಿ ನಿಮಗೆಲ್ಲ ಗೊತ್ತು: ಎದುರು ಬಿಸಿಲು, ಧೂಳು, ಒಂದು ಎತ್ತಿನಗಾಡಿ, ‘ಮನೆಯತ್ತ’ ಅನ್ನೋ ರೀತಿಯ ಶೀರ್ಷಿಕೆ. ಗಾಡಿ ಯಾರದು, ಊರು ಯಾವುದು, ವರ್ಷ ಯಾವುದು, ಇವು ಬೇಕಿರಲಿಲ್ಲ. ಕಾಲವಿಲ್ಲದಿರುವುದೇ ಅಲ್ಲಿ ಮೌಲ್ಯ.

ಇದರ ಪಕ್ಕದಲ್ಲೇ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಇದ್ದಾರೆ. ಅವರದ್ದೂ ದಿನನಿತ್ಯದ ದೃಶ್ಯವೇ, ಸಾಮಾನ್ಯ ಜನರೇ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. ಅವರು ಪತ್ರಿಕಾ ಛಾಯಾಗ್ರಾಹಕರು. ಪತ್ರಿಕೆಯ ಚಿತ್ರಕ್ಕೆ ಯಾರು, ಎಲ್ಲಿ, ಯಾವಾಗ ಅನ್ನೋ ಅಡಿಬರಹ ಬೇಕೇ ಬೇಕು. ಅಡಿಬರಹ ಇದ್ದ ಮಾತ್ರಕ್ಕೆ ಚಿತ್ರದ ಭಾವ ಕಡಿಮೆಯಾಗೋದಿಲ್ಲ ಅನ್ನೋದಕ್ಕೆ ಅವರ ಕೆಲಸವೇ ಸಾಕ್ಷಿ.

ಮೂರನೆಯ ಹೆಸರು ರಘುಬೀರ್ ಸಿಂಗ್ (1942–1999). ಕಪ್ಪು-ಬಿಳುಪಿನ ವಿಷಾದ ಪಶ್ಚಿಮದ್ದು, ಭಾರತ ನೋಡೋದು ಬಣ್ಣದಲ್ಲಿ, ಅಂತ ಅವರು 1998ರ ‘ರಿವರ್ ಆಫ್ ಕಲರ್’ ಪುಸ್ತಕದ ಪ್ರಸ್ತಾವನೆಯಲ್ಲಿ ವಾದ ಮಾಡಿದರು. ಆ ವಾದವನ್ನು ನಾನು ಪೂರ್ತಿ ಒಪ್ಪೋದಿಲ್ಲ. ವಿಷಾದಕ್ಕೆ ಪಾಸ್‌ಪೋರ್ಟ್ ಇಲ್ಲ. ಆದರೆ ಅವರ ವಾದದೊಳಗಿನ ಪ್ರಶ್ನೆ ಸರಿಯಾದದ್ದು: ಚಿತ್ರದಲ್ಲಿರುವ ವಿಷಾದ ಯಾರದು? ನೋಡುವವರದ್ದೋ, ಅಲ್ಲಿ ಇರುವವರದ್ದೋ?

3. ನಂದಿ ಕಂಡ ವರ್ಷ

ಈಗ ನಂದಿಯ ಚಿತ್ರಕ್ಕೆ ಬರೋಣ. ಅಣೆಕಟ್ಟಿನ ಕೆಲಸ 1925ರಲ್ಲಿ ಶುರುವಾಗಿ 1934ರಲ್ಲಿ ಮುಗಿಯಿತು. ಅಂದಿನ ಮದ್ರಾಸ್ ಗವರ್ನರ್ ಸ್ಟಾನ್ಲಿ ಹೆಸರು ಜಲಾಶಯಕ್ಕೆ ಬಂತು. ತುಂಬಿದಾಗಿನ ಮಟ್ಟ 120 ಅಡಿ, ಸಾಮರ್ಥ್ಯ 93.47 ಟಿಎಂಸಿ. ಊರುಗಳು ಒಳಗೆ ಹೋದವು, ಜನ ಮೇಲೆ ಬಂದರು. ನೀರು ತುಂಬ ಇಳಿದಾಗ ದೇವಸ್ಥಾನದ ನಂದಿ, ಚರ್ಚಿನ ಗೋಪುರ ಮತ್ತೆ ಕಾಣುತ್ತವೆ.

ನೀರು ಇಳಿಯೋದು ಅಂದರೆ ಏನು? ಕೆಳಗೆ ತಂಜಾವೂರು ಕಡೆಯ ಡೆಲ್ಟಾದ ಕುರುವೈ ಭತ್ತಕ್ಕೆ ಜೂನ್ 12ಕ್ಕೆ ನೀರು ಬಿಡೋದು ವಾಡಿಕೆ. 2017ರಲ್ಲಿ ಬಿಟ್ಟದ್ದು ಅಕ್ಟೋಬರ್ 2ಕ್ಕೆ. 2023ರಲ್ಲಿ ಜೂನ್ 12ಕ್ಕೇ ಬಿಟ್ಟರು, ಆದರೆ ಅಕ್ಟೋಬರ್ 10ಕ್ಕೆ ನಿಲ್ಲಿಸಬೇಕಾಯಿತು. ಅದೇ ಹೊತ್ತಿಗೆ ಮೇಲ್ಗಡೆ, ಮಂಡ್ಯದಲ್ಲಿ ರಸ್ತೆ ತಡೆ, ಬೆಂಗಳೂರಿನಲ್ಲಿ ಬಂದ್. ಬಿಳಿಗುಂಡ್ಲುವಿನಲ್ಲಿ ಅಳೆಯುವ ನೀರು, 2018ರ ಸುಪ್ರೀಂ ಕೋರ್ಟ್ ತೀರ್ಪಿನ 177.25 ಟಿಎಂಸಿ, ಇವೆಲ್ಲ ನಮಗೆ ಸುದ್ದಿಯಾಗಿ ಗೊತ್ತು. ಆ ಲೆಕ್ಕದ ಇನ್ನೊಂದು ತುದಿಯೇ ಈ ನಂದಿ. ಮೆಟ್ಟೂರಿನಲ್ಲಿ ಕನ್ನಡ ಮಾತಾಡಿಕೊಂಡು ಬದುಕುವವರಿಗೆ ಆ ತಿಂಗಳುಗಳು ಹೇಗಿರುತ್ತವೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಧ್ವನಿ ತಗ್ಗಿಸಿ ಮಾತಾಡ್ತೇವೆ.

ನಂದಿಯ ಒಂದು ಪ್ರಿಂಟನ್ನು ನಮ್ಮ ತಾಯಿಗೆ ತೋರಿಸಿದೆ. ಅವರು ಕೊಳತ್ತೂರು ಕಡೆಯವರು, ಮನೆಮಾತು ಕನ್ನಡ. ಕನ್ನಡಕ ಹಾಕ್ಕೊಂಡು ನೋಡಿದರು. ಚೆನ್ನಾಗಿದೆ ಅನ್ನಲಿಲ್ಲ, ಚೆನ್ನಾಗಿಲ್ಲ ಅನ್ನಲಿಲ್ಲ. ಕೇಳಿದ್ದು ಇಷ್ಟೇ: ‘ಇದು ಯಾವ ವರ್ಷದ್ದು?’ ನನಗೆ ತಕ್ಷಣ ಹೇಳಲಿಕ್ಕೆ ಆಗಲಿಲ್ಲ. ಕ್ಯಾಮೆರಾ, ಲೆನ್ಸು, ಡೆವಲಪರ್ ಎಲ್ಲ ನೆನಪಿತ್ತು. ವರ್ಷ ನೆನಪಿರಲಿಲ್ಲ.

ಅವರಿಗೆ ಆ ಪ್ರಶ್ನೆ ಯಾಕೆ ಬಂತು? ನೀರು ಹಿಂದೆ ಸರಿದ ವರ್ಷ ಜಲಾಶಯದ ಒಡಲಿನಲ್ಲಿ ಬೇಸಾಯ ಮಾಡ್ತಾರೆ. ಅವರ ಚಿಕ್ಕಂದಿನಲ್ಲಿ ಮನೆಯವರೂ ಮಾಡಿದ್ದರು. ಯಾವ ವರ್ಷ ಎಷ್ಟು ದೂರ ಉತ್ತರು, ಯಾವ ವರ್ಷ ಬೆಳೆ ಕೊಯ್ಯುವ ಮೊದಲೇ ನೀರು ಬಂತು, ಇದು ಅವರ ಕ್ಯಾಲೆಂಡರ್. ನನ್ನ ಚಿತ್ರ ಅವರ ಕ್ಯಾಲೆಂಡರಿನಲ್ಲಿ ಎಲ್ಲೂ ಕೂರಲಿಲ್ಲ.

4. ಕಾಂಟ್ಯಾಕ್ಟ್ ಶೀಟಿನ ಸಾಕ್ಷ್ಯ

ಇಲ್ಲಿಂದ ನನ್ನ ಮುಖ್ಯ ವಾದ. ಡಿಜಿಟಲ್ ಕಡತದಲ್ಲಿ ದಿನಾಂಕ ತಾನಾಗೇ ಕೂರುತ್ತದೆ, ಸಾಮಾನ್ಯ ಫಿಲ್ಮಿನಲ್ಲಿ ಇಲ್ಲ. ಆದರೆ ಫಿಲ್ಮಿಗೆ ಇನ್ನೊಂದು ಗುಣ ಇದೆ: ಅನುಕ್ರಮ. 1ರಿಂದ 36ರ ತನಕ ನೀವು ಯಾವುದರ ನಂತರ ಯಾವುದನ್ನು ನೋಡಿದಿರಿ ಅನ್ನೋದು ಪಟ್ಟಿಯ ಮೇಲೆ ಬರೆದಿಟ್ಟ ಹಾಗೆ ಇರುತ್ತದೆ. ಬೇಡದ್ದನ್ನು ಅಳಿಸಲಿಕ್ಕಾಗೋದಿಲ್ಲ.

ಗೆಳೆಯರೊಬ್ಬರು ತಮ್ಮ ಕಾಂಟ್ಯಾಕ್ಟ್ ಶೀಟನ್ನು ನನಗೆ ನೋಡಲಿಕ್ಕೆ ಕೊಟ್ಟರು. ಅವರು ಎಲ್ಲರಿಗೂ ಹಂಚಿದ್ದು ಒಂದೇ ಚಿತ್ರ, ಒಡೆದ ಮಣ್ಣಿನ ನಡುವೆ ನಂದಿ, ಮೇಲೆ ಕಪ್ಪು ಮೋಡ. ಶೀಟಿನಲ್ಲಿ ನಂದಿ ಇದ್ದದ್ದು ಐದು ಚೌಕಟ್ಟುಗಳಲ್ಲಿ. ಉಳಿದವುಗಳಲ್ಲಿ ಏನಿತ್ತು? ಒಡಲಿನ ನೆಲದಲ್ಲಿ ಮೇಯುವ ಮೇಕೆಗಳು. ಎರಡು ಸಾಲು ಎಳೆಯ ಪೈರು, ಅದಕ್ಕೆ ಮುಳ್ಳಿನ ಬೇಲಿ. ನೀರು ದೂರ ಹೋದದ್ದರಿಂದ ದೋಣಿ ಹತ್ತುವ ಜಾಗವೇ ಬದಲಾಗಿ, ಚೀಲ ಹೊತ್ತುಕೊಂಡು ಕೆಸರಿನಲ್ಲಿ ನಡೆಯುವ ಒಬ್ಬ ಹೆಂಗಸು. ನಂದಿಯ ನೆರಳಿನಲ್ಲಿ ಊಟದ ಡಬ್ಬಿ ಬಿಚ್ಚಿದ ಇಬ್ಬರು. ಇವೆಲ್ಲ ತಿರಸ್ಕೃತ. ಯಾಕೆ ಅಂತ ಕೇಳಿದೆ. ‘ಮೂಡ್ ಕೆಡುತ್ತೆ’ ಅಂದರು.

ನನ್ನ ದೃಷ್ಟಿಯಲ್ಲಿ ಆ ರೋಲಿನ ನಿಜವಾದ ಕೃತಿ ಆ ತಿರಸ್ಕೃತ ಚೌಕಟ್ಟುಗಳು. ಹಂಚಿದ ಚಿತ್ರ ಹೇಳೋದು ‘ಒಂದು ಊರು ಸತ್ತಿದೆ’ ಅಂತ. ಪೂರ್ತಿ ಪಟ್ಟಿ ಹೇಳೋದು ಬೇರೆ: ಊರು ಮುಳುಗಿತು, ಜನ ನೀರಿನ ಅಂಚಿನ ಜೊತೆ ಹಿಂದೆ ಮುಂದೆ ನಡೆಯುತ್ತಲೇ ಇದ್ದಾರೆ. ಮೊದಲನೆಯದು ನೋಡುವವರ ವಿಷಾದ. ಎರಡನೆಯದು ಅಲ್ಲಿಯವರ ಬದುಕು. ರಘುಬೀರ್ ಸಿಂಗರ ಪ್ರಶ್ನೆಗೆ ಉತ್ತರ ಬಣ್ಣದಲ್ಲಿಲ್ಲ, ಆಯ್ಕೆಯಲ್ಲಿದೆ.

ಹಾಗಂತ ಆಯ್ಕೆ ಮಾಡಿದವರನ್ನು ಬೈಯೋದು ಸುಲಭ. ಕಾರಣವನ್ನೂ ನೋಡಬೇಕು. ಕ್ಲಿಕ್-3 ಕ್ಯಾಮೆರಾ ಮನೆಮನೆಯಲ್ಲಿದ್ದ ಕಾಲದಲ್ಲಿ ರೋಲಿಗೆ 12 ಚಿತ್ರ. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ‘ಇಂದು’ ಹೆಸರಿನ ಕಪ್ಪು-ಬಿಳುಪು ಫಿಲ್ಮ್ ಮಾಡುತ್ತಿತ್ತು. ಆ ಕಾರ್ಖಾನೆ ಮುಚ್ಚಿಹೋಯಿತು. ಈಗ ಕೈಗೆ ಬರೋದು ಹೊರದೇಶದ ರೋಲು. ಒಂದೊಂದು ಚೌಕಟ್ಟಿಗೂ ದುಡ್ಡು ಲೆಕ್ಕ ಹಾಕುವವನು ‘ಖಂಡಿತ ಚೆನ್ನಾಗಿ ಬರುತ್ತೆ’ ಅನ್ನೋದನ್ನೇ ತೆಗೀತಾನೆ. ಖಂಡಿತ ಚೆನ್ನಾಗಿ ಬರೋದು ಈಗಾಗಲೇ ನೂರು ಜನ ತೆಗೆದ ನಂದಿ. ಎಲ್ಲರ ಚಿತ್ರವೂ ಒಂದೇ ಥರ ಆಗೋದಕ್ಕೆ ಕಲ್ಪನೆಯ ಬಡತನದಷ್ಟೇ ಜೇಬಿನ ಭಯವೂ ಕಾರಣ.

5. ಮುಗಿಸುವ ಮುನ್ನ

ನಾನು ಮಂಜಿನ ವಿರೋಧಿ ಅಲ್ಲ. ಮಲೆ ಮಹದೇಶ್ವರ ಬೆಟ್ಟದ ದಾರಿಯಲ್ಲಿ ಪಾಲಾರ್ ಹತ್ತಿರ ಮುಂಜಾನೆ ನಿಂತವರಿಗೆ ಗೊತ್ತು, ಅಲ್ಲಿ ಕ್ಯಾಮೆರಾ ತೆಗೆಯದೆ ಇರೋದು ಕಷ್ಟ. ನಾನು ಕೇಳೋದು ಎರಡೇ. ಪ್ರಿಂಟಿನ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ದಿನಾಂಕ ಮತ್ತು ಅವತ್ತಿನ ನೀರಿನ ಮಟ್ಟ ಬರೆಯಿರಿ; ಮಟ್ಟ ದಿನಾ ಪತ್ರಿಕೆಯಲ್ಲಿ ಬರುತ್ತೆ. ಹಂಚುವಾಗ ಒಂದು ಚಿತ್ರದ ಬದಲು ಅದರ ಹಿಂದಿನ, ಮುಂದಿನ ಚೌಕಟ್ಟನ್ನೂ ಸೇರಿಸಿ. ಇಷ್ಟು ಮಾಡಿದರೆ ಈ ಚಿತ್ರಗಳೆಲ್ಲ ಸೇರಿ ಒಂದು ಜಲಾಶಯದ ದಾಖಲೆ ಆಗ್ತವೆ. ಆಗಲೂ ಅವು ಚೆಂದವಾಗೇ ಇರ್ತವೆ.

ಚರ್ಚೆ

ಪ್ರಶ್ನೆ: ದಿನಾಂಕ ಹಾಕಿದರೆ ಕಲೆ ವರದಿ ಆಗಿಬಿಡೋದಿಲ್ಲವೇ?

ಉತ್ತರ: ಹಿಂಬದಿಯಲ್ಲಿ ಬರೆಯಿರಿ ಅಂದೆ. ಗೋಡೆ ಮೇಲೆ ಹಾಕಿದಾಗ ಅದು ಕಾಣೋದಿಲ್ಲ. ಯಾರಾದರೂ ಕೇಳಿದಾಗ ತಿರುಗಿಸಿ ತೋರಿಸಬಹುದು.

ಪ್ರಶ್ನೆ: ನಿಮ್ಮ ತಾಯಿಯವರ ಪ್ರಶ್ನೆಗೆ ಕೊನೆಗೆ ಉತ್ತರ ಸಿಕ್ಕಿತಾ?

ಉತ್ತರ: ಸಿಕ್ಕಿತು. ಅದೇ ರೋಲಿನ ಕೊನೆಯ ಚೌಕಟ್ಟಿನಲ್ಲಿ ಚಹಾ ಅಂಗಡಿ ಇತ್ತು. ಅದನ್ನು ನಾನು ಪ್ರಿಂಟ್ ಮಾಡಿಸಿಯೇ ಇರಲಿಲ್ಲ. ಲೆನ್ಸಿಟ್ಟು ನೋಡಿದರೆ ಗೋಡೆಯ ಕ್ಯಾಲೆಂಡರ್ ಓದಲಿಕ್ಕೆ ಬಂತು. 2017. ಅಮ್ಮನಿಗೆ ಹೇಳಿದೆ. ‘ಹಂಗಾದ್ರೆ ಆ ವರ್ಷ ಒಡಲಲ್ಲಿ ಬೇಸಾಯ ಮಾಡಿರ್ತಾರೆ, ಅದರ ಫೋಟೋ ಇಲ್ವಾ?’ ಅಂದರು. ಇರಲಿಲ್ಲ.