ಎಫ್ ಕೀಲಿಯ ಋಣ

ಈ ವಾರ ವೇಲ್ಯಾಂಡ್ ಜಗಳವನ್ನು ಒಂದು ದಡ ಮುಟ್ಟಿಸುತ್ತೇನೆ ಅಂತ ಹೋದ ಸಲ ಮಾತು ಕೊಟ್ಟಿದ್ದೆ. ಗುರುವಾರ ಸಂಜೆಯೊಳಗೆ ಲೇಖನ ಪತ್ರಿಕೆ ಸೇರಬೇಕು; ಆಗಲೇ ಗುರುವಾರ ಮಧ್ಯಾಹ್ನವಾಗಿದೆ. ಹಾಗಾಗಿ ವೇಲ್ಯಾಂಡಿನಿಂದಲೇ ಶುರು ಮಾಡುತ್ತೇನೆ. ಕೊನೆಯವರೆಗೂ ಅಲ್ಲೇ ಇರುತ್ತೇನೆ ಅನ್ನುವ ಭರವಸೆ ಮಾತ್ರ ಬೇಡ.

ಲಿನಕ್ಸಿನ ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಎಕ್ಸ್ ಅಂದರೇನು ಅಂತ ಹಳೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1984ರಲ್ಲಿ ಎಂಐಟಿಯಲ್ಲಿ ಹುಟ್ಟಿತು, 1987ರಲ್ಲಿ ಹನ್ನೊಂದನೇ ಆವೃತ್ತಿಗೆ ಬಂತು, ಅಲ್ಲೇ ಪಟ್ಟು ಹಿಡಿದು ಕೂತಿತು. ಹನ್ನೆರಡನೆಯದು ಬರಲೇ ಇಲ್ಲ. 2008ರಲ್ಲಿ ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ ಅದರ ಜಾಗಕ್ಕೆಂದು ವೇಲ್ಯಾಂಡಿಗೆ ಕೈ ಹಾಕಿದ ಮೇಲೆ ಎಕ್ಸ್‌ನ ತಿಥಿಗೆ ದಿನ ಗೊತ್ತು ಮಾಡುವುದು, ಮುಂದೂಡುವುದು ನಡೆದೇ ಇತ್ತು. ಫೆಡೋರಾ 2016ರಲ್ಲೇ ವೇಲ್ಯಾಂಡನ್ನು ಮುಂದಿಟ್ಟಿತು. ಈಗ ಉಬುಂಟು 25.10ರಲ್ಲಿ ಗ್ನೋಮ್‌ಗೆ ಎಕ್ಸ್ ಸೆಷನ್ನೇ ಇಲ್ಲ. ಲಾಗಿನ್ ಪರದೆಯ ಮೂಲೆಯ ಹಲ್ಲುಚಕ್ರ ಒತ್ತಿ ಹಳೆಯದಕ್ಕೆ ವಾಪಸಾಗುವ ದಾರಿಯೂ ಮುಚ್ಚಿದೆ.

ಎಕ್ಸ್‌ಗಾಗಿ ಕಣ್ಣೀರು ಹಾಕುವವರಿಗೆ ನಾನು ಪ್ರತಿ ಸಲ ಹೇಳುವುದು ಒಂದೇ: 1994ರ ‘ಯುನಿಕ್ಸ್ ಹೇಟರ್ಸ್ ಹ್ಯಾಂಡ್‌ಬುಕ್’ ತೆಗೆದು ಓದಿ. ಯುನಿಕ್ಸ್ ಕಂಡರಾಗದವರೆಲ್ಲ ಸೇರಿ ತಮ್ಮ ಹೊಟ್ಟೆಯುರಿಯನ್ನು ಹೊರಹಾಕಿದ ಪುಸ್ತಕ. ಜೊತೆಗೆ ವಿಮಾನದಲ್ಲಿ ಕೊಡುವಂಥ ವಾಂತಿ ಚೀಲವೊಂದನ್ನೂ ಕೊಟ್ಟಿದ್ದರು. ಯುನಿಕ್ಸ್ ಕಟ್ಟಿದವರಲ್ಲೊಬ್ಬರಾದ ಡೆನಿಸ್ ರಿಚಿಯವರಿಂದಲೇ ಮುನ್ನುಡಿ ಬರೆಸಿದರು; ಅವರು ಬರೆದುಕೊಟ್ಟದ್ದು ಎದುರು-ಮುನ್ನುಡಿ. ನೀವು ಹಂಬಲಿಸುವ ಆ ಹಳೆಯ ವ್ಯವಸ್ಥೆಗಳೆಲ್ಲ ಮಣ್ಣಾಗಿ ಗೊಬ್ಬರವೂ ಆಗಿ ಹೋದವು ಅಂತ ನಯವಾಗಿ ಚುಚ್ಚಿ, ಪುಸ್ತಕದ ಮೊದಲ ಪುಟಗಳಲ್ಲೇ ಸಂಪಾದಕರ ಕಾಲೆಳೆದಿದ್ದರು. ಬೈಸಿಕೊಂಡವನಿಗೂ ಬೈದವನಿಗೂ ಒಂದೇ ರಟ್ಟಿನೊಳಗೆ ಜಾಗ ಕೊಟ್ಟ ಇಂಥ ಪುಸ್ತಕ ನಮ್ಮ ಈ ಲೋಕದಲ್ಲಿ ಮತ್ತೆ ಬರಲಿಲ್ಲ. ಅದರಲ್ಲಿ ಎಕ್ಸ್‌ಗೇ ಒಂದು ಇಡೀ ಅಧ್ಯಾಯ ಮೀಸಲು. ಮೆಮೊರಿ ನುಂಗುವುದು, ಒಂದೊಂದು ಪ್ರೋಗ್ರಾಂ ಒಂದೊಂದು ಥರ ವರ್ತಿಸುವುದು, ಬಣ್ಣ ಬದಲಿಸಲು ಯಾವ ಫೈಲಿನ ಯಾವ ಸಾಲು ತಿದ್ದಬೇಕೆಂದು ಯಾರಿಗೂ ಗೊತ್ತಿರದಿರುವುದು, ಎಲ್ಲದಕ್ಕೂ ಅಲ್ಲಿ ಮಂಗಳಾರತಿಯಾಗಿದೆ. ಇಷ್ಟು ವರ್ಷಗಳ ಮೇಲೂ ಅಧ್ಯಾಯ ಹಳತಾಗಿಲ್ಲ ಅನ್ನುವುದೇ ಎಕ್ಸ್ ಬಗ್ಗೆ ಎಲ್ಲವನ್ನೂ ಹೇಳುತ್ತದೆ.

ತೀರ್ಪು ಬೇಕಾದವರು ಇಲ್ಲೇ ತೆಗೆದುಕೊಳ್ಳಿ: ವೇಲ್ಯಾಂಡ್ ಪಕ್ಷ ಸರಿ. ಎಕ್ಸ್‌ನಲ್ಲಿ ಒಂದು ಕಿಟಕಿಯಲ್ಲಿ ನೀವು ಒತ್ತಿದ ಕೀಲಿಯನ್ನು ಇನ್ನೊಂದು ಕಿಟಕಿಯ ಯಾವ ಪ್ರೋಗ್ರಾಂ ಬೇಕಾದರೂ ಕದ್ದು ಓದಬಹುದು. ಬ್ಯಾಂಕಿನ ಪಾಸ್‌ವರ್ಡನ್ನು ಕ್ಯಾಲ್ಕ್ಯುಲೇಟರ್ ಕೇಳಿಸಿಕೊಳ್ಳುವ ವ್ಯವಸ್ಥೆಯನ್ನು ಸ್ವಾತಂತ್ರ್ಯ ಅನ್ನುವವರ ಜೊತೆ ನನಗೆ ವಾದವಿಲ್ಲ.

ಇನ್ನೊಂದು ಪಂಥದ ಜೊತೆ ಹಳೆಯ ಲೆಕ್ಕವೊಂದು ಬಾಕಿ ಇದೆ, ಅದನ್ನೂ ಚುಕ್ತಾ ಮಾಡಿಬಿಡುತ್ತೇನೆ. ಸ್ಕ್ರೀನ್‌ಶಾಟ್ ಪಂಥದವರು. ಪಾರದರ್ಶಕ ಟರ್ಮಿನಲ್, ಹಿಂದೆ ಮಂಜು ಮುಸುಕಿದ ಬೆಟ್ಟ, ಮುಂದೆ ನಿಯೋಫೆಚ್ ಉಗುಳಿದ ದೊಡ್ಡ ಲೋಗೋ, ಪಕ್ಕದಲ್ಲಿ ರ‍್ಯಾಮ್ ಎಷ್ಟು, ಕರ್ನಲ್ ಯಾವುದು ಅನ್ನುವ ಪಟ್ಟಿ. ಆ ಡೆಸ್ಕ್‌ಟಾಪಿನಲ್ಲಿ ಒಂದು ಕಾಗದ ಪತ್ರ ಬರೆದದ್ದನ್ನು ಯಾರೂ ಕಂಡಿಲ್ಲ. ಈ ನಿಯೋಫೆಚ್ ಬರೆದ ಡಿಲನ್ ಅರಾಪ್ಸ್ 2024ರಲ್ಲಿ ತನ್ನ ಕೋಡೆಲ್ಲವನ್ನೂ ಮೂಟೆ ಕಟ್ಟಿಟ್ಟು, ಕೃಷಿಗೆ ಇಳಿದಿದ್ದೇನೆ ಅಂತ ಚುಟುಕಾಗಿ ಬರೆದು ಎದ್ದುಹೋದ. ಶನಿವಾರ ಬಂದರೆ ಕನಕಪುರ ರಸ್ತೆಯ ಕಡೆ ಜಮೀನು ನೋಡಲು ಹೊರಟು, ಸೋಮವಾರ ಮತ್ತೆ ಹೊರವರ್ತುಲ ರಸ್ತೆಯ ಟ್ರಾಫಿಕ್ಕಿಗೆ ಮರಳುವ ನಮ್ಮ ಬೆಂಗಳೂರಿನ ಎಂಜಿನಿಯರುಗಳು ಈ ಮನುಷ್ಯನ ಫೋಟೊ ಇಟ್ಟು ಊದುಬತ್ತಿ ಹಚ್ಚಬೇಕು.

ಇರಲಿ. ಕನ್ನಡ ಬರೆಯುವವನಿಗೆ ವೇಲ್ಯಾಂಡ್ ಜಗಳದಲ್ಲಿ ನಿಜವಾಗಿ ತಟ್ಟುವುದು ಸುರಕ್ಷತೆಯೂ ಅಲ್ಲ, ಅಂದಚಂದವೂ ಅಲ್ಲ. ಒತ್ತಿದ ಕೀಲಿಯನ್ನು ಕನ್ನಡವಾಗಿಸುವ ಐಬಸ್. ಎಕ್ಸ್ ಕಾಲದಲ್ಲಿ ಮೂರು ಸಾಲಿನ ಮಂತ್ರವೊಂದನ್ನು ಪ್ರೊಫೈಲ್ ಫೈಲಿನಲ್ಲಿ ಬರೆದಿಟ್ಟರೆ ಯಾವ ಕಿಟಕಿಯಲ್ಲಾದರೂ ಕನ್ನಡ ಬರುತ್ತಿತ್ತು. ವೇಲ್ಯಾಂಡ್‌ನಲ್ಲಿ ಕೀಲಿಗಳನ್ನು ನಡುವೆ ಹಿಡಿಯುವ ಹಕ್ಕು ಯಾರಿಗೂ ಇಲ್ಲದ ಕಾರಣ, ಅಕ್ಷರ ಜೋಡಿಸುವ ಐಬಸ್ ಕೂಡ ಅರ್ಜಿ ಹಾಕಿಕೊಂಡು ಬರಬೇಕು. ಗ್ನೋಮ್‌ನಲ್ಲಿ ಅದು ಮನೆಮಂದಿಯಂತೆ ಒಳಗೇ ಇದೆ, ತೊಂದರೆಯಿಲ್ಲ. ಕೆಡಿಇ ಪ್ಲಾಸ್ಮಾದಲ್ಲಿ ಸಿಸ್ಟಂ ಸೆಟ್ಟಿಂಗ್ಸ್‌ಗೆ ಹೋಗಿ, ವರ್ಚುವಲ್ ಕೀಬೋರ್ಡ್ ಅನ್ನುವ ಪುಟ ತೆರೆದು, ಅಲ್ಲಿ ಐಬಸ್ ವೇಲ್ಯಾಂಡ್ ಅನ್ನುವುದನ್ನು ಆರಿಸಬೇಕು. ಮುಂದೆ ಭೌತಿಕ ಕೀಲಿಮಣೆ ಇಟ್ಟುಕೊಂಡು ಕೂತವನು ವರ್ಚುವಲ್ ಕೀಬೋರ್ಡ್ ಪುಟಕ್ಕೆ ಯಾಕಾದರೂ ಹೋಗುತ್ತಾನೆ? ಹೋಗುವುದಿಲ್ಲ. ವೇಲ್ಯಾಂಡ್‌ನಲ್ಲಿ ಕನ್ನಡವೇ ಬರುವುದಿಲ್ಲ ಅಂತ ಊರೆಲ್ಲ ಹೇಳಿಕೊಂಡು ಬರುತ್ತಾನೆ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬಾಗಿಲು ಹಾಕಿದ ಮೇಲೆ ನಮ್ಮ ಕಡೆಯ ಎಷ್ಟೋ ಲ್ಯಾಪ್‌ಟಾಪುಗಳು ನಡುನೀರಿನಲ್ಲಿ ನಿಂತವು. ವಿಂಡೋಸ್ 11 ಕೇಳುವ ಟಿಪಿಎಂ 2.0 ಚಿಪ್ಪು ಅವುಗಳಲ್ಲಿಲ್ಲ. ಯಂತ್ರ ಮಾತ್ರ ಗಟ್ಟಿಮುಟ್ಟು. ತಾಲ್ಲೂಕು ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕರಾಗಿ ಸೇರಿ ಶಿರಸ್ತೇದಾರರಾಗಿ ನಿವೃತ್ತರಾದ ನಮ್ಮ ದೊಡ್ಡಪ್ಪನದೂ ಅಂಥದ್ದೇ ಒಂದು. ಅದಕ್ಕೆ ಲಿನಕ್ಸ್ ಮಿಂಟ್ ಹಾಕಿದೆ, ಎಕ್ಸ್‌ಎಫ್‌ಸಿಇ ಆವೃತ್ತಿ. ಅವರು ಮೆನು ನೋಡಲಿಲ್ಲ, ವಾಲ್‌ಪೇಪರ್ ನೋಡಲಿಲ್ಲ.

“ಏನಪ್ಪಾ, ಇದ್ರಲ್ಲಿ ನುಡಿ ಹೊಡೆಯೋಕಾಗುತ್ತಾ?”

“ನುಡಿ ಇಲ್ಲ ದೊಡ್ಡಪ್ಪ. ಆದ್ರೆ ಕೀಲಿಗಳೆಲ್ಲ ಅವೇ. ಹೊಡೀರಿ ನೋಡೋಣ.”

ಕನ್ನಡಕ ಏರಿಸಿ ‘ಮಾನ್ಯರೆ’ ಅಂತ ಹೊಡೆದರು. ಎಂ, ಶಿಫ್ಟ್ ಹಿಡಿದು ಎ, ಎನ್, ಎಫ್, ವೈ, ಆರ್, ಇ. ಏಳು ಕೀಲಿ, ಏಳು ಯುನಿಕೋಡ್ ಸಂಕೇತ, ನಡುವೆ ಯಾವ ಪೆಟ್ಟಿಗೆಯೂ ಮೇಲೆದ್ದು ‘ಇದೋ, ಅದೋ’ ಅಂತ ಕೇಳಲಿಲ್ಲ. ಮುಖ ಅರಳಿತು. ಆಮೇಲೆ ಕರ್ಸರನ್ನು ಮೇಲಕ್ಕೆ ಒಯ್ದು, ಅರ್ಜಿಯ ಮೊದಲ ಪದ ‘ಇಂದ’ ಹೊಡೆಯಲು ಐ ಒತ್ತಿದರು. ಚುಕ್ಕೆಗಳ ಒಂದು ಉರುಟು, ಅದರ ತಲೆಯ ಮೇಲೆ ಗುಡಿಸು.

“ಇದೇನಪ್ಪಾ, ಸೊನ್ನೆ ಬಂತು?”

ನಾನು ಹಾಕಿಕೊಟ್ಟದ್ದು ವ್ಯವಸ್ಥೆಯ ಜೊತೆಗೇ ಬರುವ ಕೀಲಿ ವಿನ್ಯಾಸಗಳ ಕಟ್ಟು, ಎಕ್ಸ್‌ಕೆಬಿಯಲ್ಲೇ ಇರುವ ವಿನ್ಯಾಸ. ಅದಕ್ಕೆ ಹಿಂದುಮುಂದಿನ ಅಕ್ಷರದ ಪರಿವೆ ಇಲ್ಲ. ಸ್ವರದ ಕೀಲಿ ಒತ್ತಿದರೆ ಕಾಗುಣಿತದ ಚಿಹ್ನೆ ಬರುತ್ತದೆ. ಸ್ವರ ಒಂಟಿಯಾಗಿ ಬೇಕಿದ್ದರೆ ಬಲಗಡೆಯ ಆಲ್ಟ್ ಹಿಡಿದು ಒತ್ತಬೇಕು. ನುಡಿಯಲ್ಲಿ ಇದನ್ನು ತಂತ್ರಾಂಶವೇ ನೋಡಿಕೊಳ್ಳುತ್ತಿತ್ತು. ಸೇವಾವಧಿಯುದ್ದಕ್ಕೂ ‘ಇಂದ’ದಿಂದಲೇ ಶುರು ಮಾಡಿದ ಬೆರಳಿಗೆ ಈ ವಯಸ್ಸಿನಲ್ಲಿ ಆಲ್ಟ್ ಕಲಿಸುವುದು ಅನ್ಯಾಯ. ಐಬಸ್‌ನಲ್ಲಿ ಎಂ17ಎನ್‌ನವರ ಕೆಜಿಪಿ ವಿನ್ಯಾಸ ಸೇರಿಸಿಕೊಟ್ಟೆ, ಕೀಲಿಗಳು ಅವೇ. ಅದು ನುಡಿಯಂತೆಯೇ ನಡೆಯುತ್ತದೆ. ನಾನು ಮಾತ್ರ ಎಕ್ಸ್‌ಕೆಬಿ ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಈಗ ನನ್ನ ಮೆಚ್ಚಿನ ವಿಷಯವಾದ ಕೀಲಿ ವಿನ್ಯಾಸಕ್ಕೇ ಬಂದೆನಾದ್ದರಿಂದ ವೇಲ್ಯಾಂಡಿಗೆ ನಮಸ್ಕಾರ. ನಿಮ್ಮ ಕೀಬೋರ್ಡ್ ಸೆಟ್ಟಿಂಗಿಗೆ ಹೋಗಿ, ಭಾರತದ ವಿನ್ಯಾಸಗಳ ಪಟ್ಟಿ ತೆರೆದು ನೋಡಿ. ಕನ್ನಡ, ಅದರ ಪಕ್ಕದಲ್ಲಿ ಕಂಸದೊಳಗೆ ಕಗಪ. ಸರಿ, ನಿರೀಕ್ಷಿಸಿದ್ದೇ. ಹಾಗೇ ಮೇಲೆ ಕೆಳಗೆ ಕಣ್ಣಾಡಿಸಿ: ಹಿಂದಿಗೂ ಕಗಪ, ಮರಾಠಿಗೂ ಕಗಪ, ಸಂಸ್ಕೃತಕ್ಕೂ ತೆಲುಗಿಗೂ ಕಗಪ. ಅಂದರೆ ಕನ್ನಡ ಗಣಕ ಪರಿಷತ್ತು. ಜೈಪುರದಲ್ಲಿ ಕೂತು ಹಿಂದಿ ಒತ್ತುವವನ ಲಿನಕ್ಸ್ ಯಂತ್ರದ ಪಟ್ಟಿಯಲ್ಲಿ, ಆತನಿಗೆ ಗೊತ್ತೇ ಇಲ್ಲದೆ, ಬೆಂಗಳೂರಿನ ಸಂಸ್ಥೆಯೊಂದರ ಹೆಸರು ಕೂತಿದೆ. ಫೆಡೋರಾ ಇರಲಿ, ಆರ್ಚ್ ಇರಲಿ, ಡೆಬಿಯನ್ ಇರಲಿ, ಎಲ್ಲದರಲ್ಲೂ. ಎಕ್ಸ್‌ಕೆಬಿಯ ಈ ಪಟ್ಟಿಯನ್ನು ಎಕ್ಸ್ ಕೂಡ ಓದುತ್ತದೆ, ವೇಲ್ಯಾಂಡ್ ಕೂಡ ಅದನ್ನೇ ಓದುತ್ತದೆ. ಐಬಸ್ ಬೇಡ, ವರ್ಚುವಲ್ ಕೀಬೋರ್ಡ್ ಪುಟ ಬೇಡ, ಮೂರು ಸಾಲಿನ ಮಂತ್ರ ಬೇಡ. ಯಾವ ಬಣ ಗೆದ್ದರೂ ನನ್ನ ಕನ್ನಡಕ್ಕೆ ಧಕ್ಕೆಯಿಲ್ಲ.

ಇದರ ಬೇರು ಕೆ.ಪಿ. ರಾವ್ ಅವರಲ್ಲಿದೆ. ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟು ಅವರು ರೂಪಿಸಿದ ಸೇಡಿಯಾಪು ತಂತ್ರಾಂಶದ ಕೀಲಿ ವಿನ್ಯಾಸವೇ ಮುಂದೆ ಪರಿಷತ್ತಿನದಾಗಿ, ಸರ್ಕಾರದ ಒಪ್ಪಿಗೆ ಪಡೆದು, ನುಡಿಯ ಮೂಲಕ ಕಚೇರಿ ಕಚೇರಿಗೆ ಹೋಯಿತು. ಅದರ ಜೀವಾಳ ಒಂದೇ ಕೀಲಿಯಲ್ಲಿದೆ. ಅಕ್ಷರವನ್ನು ಅರ್ಧ ಮಾಡುವುದಕ್ಕೂ ಒತ್ತು ಕೊಡುವುದಕ್ಕೂ ಎಫ್. ಕಣ್ಣು ಮುಚ್ಚಿ ಮುಟ್ಟಿದರೂ ಸಿಗಲೆಂದು ತಯಾರಕರು ಗೀರು ಇಟ್ಟಿರುವ ಕೀಲಿ, ಎಡಗೈ ತೋರುಬೆರಳಿನ ತವರು. ಒತ್ತಕ್ಷರವಿಲ್ಲದೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯುವುದು ಕಷ್ಟ. ಆ ಕೆಲಸವನ್ನು ಅತ್ಯಂತ ಬಲವಾದ ಬೆರಳಿಗೆ, ಅದು ಸುಮ್ಮನೆ ಕೂತಿರುವ ಜಾಗದಲ್ಲೇ ಒಪ್ಪಿಸಿದ್ದಾರೆ. ವಿನ್ಯಾಸ ಪ್ರಶಸ್ತಿಗೆ ಇದಕ್ಕಿಂತ ಅರ್ಹವಾದದ್ದನ್ನು ಡೆಸ್ಕ್‌ಟಾಪ್ ಪ್ರಪಂಚದಲ್ಲಿ ನಾನು ಕಂಡಿಲ್ಲ.

ಇನ್‌ಸ್ಕ್ರಿಪ್ಟ್‌ನವರ ಮೇಲೆ ನನಗೆ ಗೌರವವಿದೆ. ಎಡಗೈಗೆ ಸ್ವರ, ಬಲಗೈಗೆ ವ್ಯಂಜನ, ದೇಶದ ಬ್ರಾಹ್ಮಿ ಮೂಲದ ಲಿಪಿಗಳಿಗೆಲ್ಲ ಒಂದೇ ಜಾಗ; ಅದೊಂದು ದರ್ಶನ. ಆದರೆ ಇಂಗ್ಲಿಷಿನಲ್ಲಿ ಬರೆದು ಕನ್ನಡವಾಗಲಿ ಅಂತ ಕಾಯುವ ಲಿಪ್ಯಂತರ ಪಂಥದ ಜೊತೆ ರಾಜಿಯಿಲ್ಲ. ಕಳೆದ ತಿಂಗಳು ಒಬ್ಬರು ಬರೆದಿದ್ದರು: “ಸಾರ್, ವಾಟ್ಸಾಪಲ್ಲಿ ಹೇಗೂ ಹಾಗೇ ಬರೀತೀವಿ, ಹೊಸದಾಗಿ ಕೀಲಿ ಯಾಕೆ ಕಲೀಬೇಕು?” ಲೆಕ್ಕ ಹಾಕಿ ನೋಡಿ ಸ್ವಾಮಿ. ‘ಬರಹ’ಕ್ಕೆ ಕಗಪದಲ್ಲಿ ಮೂರು ಕೀಲಿ, ನಿಮಗೆ ಆರು. ‘ಕನ್ನಡ’ಕ್ಕೆ ನನಗೆ ಐದು, ನಿಮಗೆ ಏಳು, ಅದರಲ್ಲೂ ಡ-ಕಾರಕ್ಕೆ ಒಂದು ಶಿಫ್ಟ್. ಅ-ಕಾರ ವ್ಯಂಜನದೊಳಗೇ ಇದೆ ಅನ್ನುವುದು ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ನೀವು ಪ್ರತಿ ಸಲ ಅದನ್ನು ಹೊರಗಿನಿಂದ ತಂದು ಅಂಟಿಸುತ್ತೀರಿ. ಅಕ್ಷರ ಹೊಳೆದ ಮೇಲೆ ಅದನ್ನು ರೋಮನ್‌ಗೆ ಒಡೆದು, ಯಂತ್ರ ಮತ್ತೆ ಕೂಡಿಸಿದ್ದು ಸರಿಯಿದೆಯೇ ಅಂತ ಪರದೆ ನೋಡಿ, ಆಮೇಲೆ ಮುಂದಿನ ಪದ. ಅವಸರದಲ್ಲಿರುವ ಅಂಕಣಕಾರನಿಗೆ ಇದು ಆಗಿಬರುವುದಿಲ್ಲ.

ಕಗಪವೂ ಎಲ್ಲವನ್ನೂ ದಾಟಿಸುವುದಿಲ್ಲ, ಒಪ್ಪುತ್ತೇನೆ. ಒತ್ತಕ್ಷರದಲ್ಲಿ ರ-ಕಾರ ಮೊದಲು ಬಂದಾಗ ಯುನಿಕೋಡಿನ ಪೂರ್ವನಿಯೋಜಿತ ರೂಪ ಅರ್ಕಾವತ್ತು. ‘ಸೂರ್ಯ’ನಿಗೆ ಅದು ಸರಿ. ಅದೇ ನಿಯಮದಲ್ಲಿ ಚುನಾವಣೆಯ ‘ರ‍್ಯಾಲಿ’ ಹೊಡೆದರೆ ‘ರ್ಯಾಲಿ’ ಆಗಿ ಮೂಡುತ್ತದೆ. ರ ಮೇಲೆ ನಿಂತು ಯ ಕೆಳಗೆ ಬರಬೇಕಾದರೆ ರ-ಕಾರಕ್ಕೂ ಎಫ್‌ಗೂ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ತೂರಿಸಬೇಕು. ಯುನಿಕೋಡ್ ಪಟ್ಟಿಯಲ್ಲಿ ಅದರ ಸಂಖ್ಯೆ 200ಡಿ. ಜಿಟಿಕೆಯಲ್ಲಿ ಬರೆದ ಪ್ರೋಗ್ರಾಂಗಳಲ್ಲಾದರೆ ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿ, ಈ ಸಂಖ್ಯೆ ಹೊಡೆದು ಎಂಟರ್ ಕೊಟ್ಟರೆ ಬರುತ್ತದೆ. ಇಂಗ್ಲಿಷ್ ವಿನ್ಯಾಸಕ್ಕೆ ಬದಲಿಸಿಕೊಂಡು ಹೊಡೆಯಿರಿ. ಮೇಲಿನ ‘ರ‍್ಯಾಮ್’ ಹಾಗೆಯೇ ಬಂದದ್ದು. ಅಚ್ಚಿನ ಮನೆಯ ಹಳೆಯ ಫಾಂಟಿಗೆ ಪರಿವರ್ತನೆಯಾಗುವಾಗ ಅದು ಉಳಿಯಿತೋ ಇಲ್ಲವೋ ನೀವೇ ನೋಡಿ ಹೇಳಿ. ಉಳಿಯದಿದ್ದರೆ ತಪ್ಪು ನನ್ನದಲ್ಲ.

ಇನ್ನು ಟರ್ಮಿನಲ್. ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲದರಲ್ಲೂ ಅಕ್ಷರ ಜೋಡಿಸುವುದು ಹಾರ್ಫ್‌ಬಝ್ ಅನ್ನುವ ಒಂದೇ ಸಾಧನ. ಗುಬ್ಬಿ ಫಾಂಟಿನಲ್ಲೋ ನವಿಲು ಫಾಂಟಿನಲ್ಲೋ ‘ಸ್ತ್ರೀ’ ಬರೆಯಿರಿ, ಆರು ಸಂಕೇತಗಳು ಕೂಡಿ ಒಂದು ಅಕ್ಷರವಾಗಿ ಅಚ್ಚುಕಟ್ಟಾಗಿ ಕೂರುತ್ತದೆ. ಆದರೆ ಟರ್ಮಿನಲ್ ಹುಟ್ಟಿದ್ದು ಟೆಲಿಟೈಪ್ ಯಂತ್ರಗಳ ವಂಶದಲ್ಲಿ. ಅದಕ್ಕೆ ಪರದೆ ಅಂದರೆ ಚೌಕಗಳು; ಚೌಕಕ್ಕೊಂದು ಅಕ್ಷರ, ಹೆಚ್ಚೆಂದರೆ ಚೀನಿಗೆ ಎರಡು ಚೌಕ. ಎಷ್ಟು ಚೌಕ ಅನ್ನುವುದನ್ನು ಚಿತ್ರ ಬರೆಯುವ ಮೊದಲೇ ಲೆಕ್ಕ ಹಾಕಿಡುತ್ತದೆ. ನಮ್ಮ ಒತ್ತಕ್ಷರದ ಅಗಲ ಫಾಂಟಿಗೆ ಗೊತ್ತೇ ಹೊರತು ಲೆಕ್ಕದ ಕೋಷ್ಟಕಕ್ಕೆ ಗೊತ್ತಿಲ್ಲ. ಕನ್ನಡ ಹೆಸರಿನ ಫೈಲುಗಳಿರುವ ಫೋಲ್ಡರಿನಲ್ಲಿ ಎಲ್‌ಎಸ್ ಹೊಡೆದರೆ ಒತ್ತುಗಳು ಪಕ್ಕದ ಚೌಕಕ್ಕೆ ಜಾರಿ, ಕರ್ಸರ್ ಒಂದು ಕಡೆ, ಅಳಿಸಿದ್ದು ಇನ್ನೊಂದು ಕಡೆ. ಕೆಡಿಇಯ ಕಾನ್ಸೋಲ್ ಒಂದು ಮಟ್ಟಿಗೆ ಮಾನ ಉಳಿಸುತ್ತದೆ. ಗ್ನೋಮ್ ಟರ್ಮಿನಲ್ ಅಷ್ಟೂ ಇಲ್ಲ. ಪಾರದರ್ಶಕ ಟರ್ಮಿನಲ್ಲಿನವರು ಅದರ ಹಿಂದಿನ ಬೆಟ್ಟವನ್ನು ಬಿಟ್ಟು ಇದನ್ನೊಂದು ಸರಿಮಾಡಿದರೆ ಅವರ ಸ್ಕ್ರೀನ್‌ಶಾಟುಗಳನ್ನೆಲ್ಲ ನಾನೇ ಮೆಚ್ಚಿ ಬರೆಯುತ್ತೇನೆ.

ಶಿವಮೊಗ್ಗದ ಓದುಗರೊಬ್ಬರು, ಕಂಟ್ರೋಲ್-ಆಲ್ಟ್-ಎಫ್3 ಒತ್ತಿ ಹೋಗುವ ಕಪ್ಪು ಪರದೆಯಲ್ಲಿ ಕನ್ನಡ ತರುವುದು ಹೇಗೆ ಅಂತ ಕೇಳಿದ್ದಾರೆ. ಅಲ್ಲಿ ಕರ್ನಲ್ ಒಪ್ಪುವುದು ಹೆಚ್ಚೆಂದರೆ 512 ಅಚ್ಚುಗಳ ಫಾಂಟ್, ಅಕ್ಷರ ಜೋಡಿಸುವ ವ್ಯವಸ್ಥೆಯೂ ಇಲ್ಲ. ನಮ್ಮ ಕಾಗುಣಿತವೇ ಅಷ್ಟನ್ನು ತುಂಬಿಬಿಡುತ್ತದೆ, ಒತ್ತುಗಳಿಗೆ ಜಾಗ ಸಿಗುವುದಿಲ್ಲ. ಹಾಗಾಗಿ ಆಗುವುದಿಲ್ಲ. ವೇಲ್ಯಾಂಡಿನ ಉಳಿದ ಜಗಳ, ಮುಖ್ಯವಾಗಿ ಎನ್ವಿಡಿಯಾದವರ ಗೋಳು, ಮುಂದಿನ ವಾರಕ್ಕೆ.